ಬಸಿರೊಳಗೆ ಇಣುಕಿದ ಯಂತ್ರ

ನಮ್ಮ ಊರುಗಳ ಸ್ಕ್ಯಾನಿಂಗ್ ಕೇಂದ್ರಗಳಲ್ಲಿ, ದೇವರ ಪಟದ ಪಕ್ಕದಲ್ಲೋ ಫೀಜಿನ ಪಟ್ಟಿಯ ಕೆಳಗೋ, ಒಂದು ಫಲಕವಿರುತ್ತದೆ. ಇಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುವುದಿಲ್ಲ, ಅದು ಶಿಕ್ಷಾರ್ಹ ಅಪರಾಧ ಎಂದು ಅದರ ಮೇಲೆ ಬರೆದಿರುತ್ತದೆ. ನೋಡಿ ನೋಡಿ ಅದು ನಮ್ಮ ಕಣ್ಣಿಗೆ ಬೀಳುವುದೇ ನಿಂತುಹೋಗಿದೆ. ಆದರೆ ಆ ಎರಡು ಸಾಲು ಸುಮ್ಮನೆ ಗೋಡೆಗೆ ಬಂದದ್ದಲ್ಲ. ಅದರ ಹಿಂದೆ ಈ ದೇಶದ ಹೆಣ್ಣುಮಕ್ಕಳು ನಡೆಸಿದ ಒಂದು ದೀರ್ಘ ಜಗಳವಿದೆ. ಸರ್ಕಾರದ ಜೊತೆ, ವೈದ್ಯರ ಜೊತೆ ಜಗಳವಾಡಿದಂತೆ ಅವರು ತಮ್ಮತಮ್ಮಲ್ಲೂ ಆಡಿದರು.

ಗಂಡುಮಗು ಬೇಕೆಂಬ ಆಸೆಯನ್ನು ಯಂತ್ರವೇನೂ ತರಲಿಲ್ಲ. ಪುಂಸವನವೆಂಬ ಸಂಸ್ಕಾರವೇ ನಮ್ಮಲ್ಲಿದೆ. ಬಸುರಿ ನೆಲಕ್ಕೆ ಯಾವ ಕೈ ಊರಿ ಏಳುತ್ತಾಳೆ, ಹೊಟ್ಟೆ ಚೂಪಾಗಿದೆಯೋ ಅಗಲವಾಗಿದೆಯೋ, ಬಯಕೆ ಹುಳಿಯದೋ ಸಿಹಿಯದೋ ಎಂದು ನಮ್ಮ ಅಜ್ಜಿಯರು ಲೆಕ್ಕ ಹಾಕುತ್ತಿದ್ದರು. ಆ ಲೆಕ್ಕ ಅರ್ಧಕ್ಕರ್ಧ ತಪ್ಪುತ್ತಿತ್ತು. ಹುಟ್ಟಿದ ಮೇಲೆ ಹೆಣ್ಣಿನ ಪಾಡೇನೇ ಆಗಲಿ, ಹುಟ್ಟುವ ತನಕವಾದರೂ ಈ ಅಜ್ಞಾನ ಅವಳನ್ನು ಕಾಯುತ್ತಿತ್ತು. ಯಂತ್ರ ಆ ಕಾವಲನ್ನು ತೆಗೆಯಿತು.

ಆ ಯಂತ್ರ ಹುಟ್ಟಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಲೋಹದೊಳಗಿನ ಬಿರುಕು ಹುಡುಕಲು ಬಳಸುತ್ತಿದ್ದ ಶಬ್ದತರಂಗವನ್ನು ಹೊಟ್ಟೆಯ ಮೇಲೆ ಪ್ರಯೋಗಿಸಿದವರು ಹೆರಿಗೆ ತಜ್ಞ ಇಯಾನ್ ಡೊನಾಲ್ಡ್. ಎಂಜಿನಿಯರ್ ಟಾಮ್ ಬ್ರೌನ್ ಮತ್ತು ವೈದ್ಯ ಜಾನ್ ಮ್ಯಾಕ್‌ವಿಕರ್ ಜೊತೆಗೂಡಿ 1958ರಲ್ಲಿ ಅವರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು. ಡೊನಾಲ್ಡ್ ಗರ್ಭಪಾತದ ಕಟ್ಟಾ ವಿರೋಧಿ. ಅಂಥವರು ಕಟ್ಟಿದ ಯಂತ್ರ ನಮ್ಮಲ್ಲಿಗೆ ಬಂದು ಏನಾಯಿತು ಎಂಬುದು ಇತಿಹಾಸದ ಕುಹಕ.

ಪಶ್ಚಿಮದ ಸ್ತ್ರೀವಾದಿಗಳ ತಕರಾರು ಬೇರೆ ಬಗೆಯದು. ಬ್ರಿಟನ್ನಿನ ಆನ್ ಓಕ್ಲಿ 1984ರಲ್ಲಿ, ಅಮೆರಿಕದ ರೋಸಲಿಂಡ್ ಪೆಚೆಸ್ಕಿ 1987ರಲ್ಲಿ ಆ ಬಗ್ಗೆ ಬರೆದರು. ಪರದೆಯ ಮೇಲೆ ಮಗು ಒಂಟಿಯಾಗಿ ತೇಲುತ್ತದೆ, ಹೊತ್ತವಳು ಚಿತ್ರದಿಂದಲೇ ಮಾಯವಾಗುತ್ತಾಳೆ. ತನ್ನ ಬಸಿರಿನ ಸುದ್ದಿಯನ್ನು ಅವಳೇ ಇನ್ನೊಬ್ಬರ ಬಾಯಿಂದ ಕೇಳಬೇಕಾಗುತ್ತದೆ ಎಂಬುದು ಆ ತಕರಾರಿನ ತಿರುಳು. ನಮ್ಮಲ್ಲಿ ಮಾಯವಾದದ್ದು ಚಿತ್ರದೊಳಗಿನ ಹೆಣ್ಣು.

ಇಲ್ಲಿ ಮೊದಲು ಬಂದದ್ದು ಸ್ಕ್ಯಾನಿಂಗ್ ಅಲ್ಲ, ಸೂಜಿ. ಗರ್ಭದ ನೀರು ತೆಗೆದು ನೋಡುವ ಆಮ್ನಿಯೊಸೆಂಟೆಸಿಸ್ ಪರೀಕ್ಷೆ 1970ರ ದಶಕದ ನಡುವೆ ದೆಹಲಿಯ ಅಖಿಲ ಭಾರತ ವೈದ್ಯಕೀಯ ಸಂಸ್ಥೆಯಲ್ಲಿ ಆನುವಂಶಿಕ ದೋಷಗಳ ಪತ್ತೆಗಾಗಿ ಶುರುವಾಯಿತು. ಬಂದವರು ಕೇಳಿದ್ದು ಗಂಡೋ ಹೆಣ್ಣೋ ಎಂದು. 1978ರಲ್ಲಿ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಲಿಂಗಪತ್ತೆ ನಿಷೇಧಿಸಿತು, ಖಾಸಗಿಯವರನ್ನು ಮುಟ್ಟಲಿಲ್ಲ. 1982ರಲ್ಲಿ ಅಮೃತಸರದ ಒಂದು ಖಾಸಗಿ ಆಸ್ಪತ್ರೆಯ ಜಾಹೀರಾತು ದೇಶದ ಗಮನ ಸೆಳೆಯಿತು. ಈಗ ಐನೂರು ಖರ್ಚು ಮಾಡಿ ಮುಂದೆ ಐವತ್ತು ಸಾವಿರ ಉಳಿಸಿ ಎಂಬ ಧಾಟಿಯ ಜಾಹೀರಾತುಗಳೂ ಆ ದಶಕದಲ್ಲಿ ಕಾಣಿಸಿಕೊಂಡವು. ಐವತ್ತು ಸಾವಿರ ಯಾವುದೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ವರದಕ್ಷಿಣೆ ಎಲ್ಲರಿಗೂ ಗೊತ್ತಿದ್ದ ಲೆಕ್ಕ.

ಆಗ ಒಂದು ದೊಡ್ಡ ವಾದವೇ ನಡೆಯಿತು. ಅರ್ಥಶಾಸ್ತ್ರಜ್ಞೆ ಧರ್ಮಾ ಕುಮಾರ್ 1983ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಮಂಡಿಸಿದ ತರ್ಕ ಸರಳವಾಗಿತ್ತು: ಸರಕು ಕಡಿಮೆಯಾದರೆ ಬೆಲೆ ಏರುತ್ತದೆ, ಹೆಣ್ಣು ಕಡಿಮೆಯಾದರೆ ಅವಳ ಸ್ಥಾನಮಾನವೂ ಏರಬಹುದು. ಅದೇ ಪತ್ರಿಕೆಯಲ್ಲಿ ಸಮಾಜಶಾಸ್ತ್ರಜ್ಞೆ ಲೀಲಾ ದುಬೆ ಉತ್ತರ ಕೊಟ್ಟರು. ಹೆಣ್ಣು ಅಂಗಡಿಯ ಸರಕಲ್ಲ, ಕಡಿಮೆಯಾದಷ್ಟೂ ಅವಳ ಮೇಲೆ ಕಾವಲು, ಅಪಹರಣ, ಬಲಾತ್ಕಾರ ಹೆಚ್ಚುತ್ತವೆ ಎಂದರು. ಮುಂದೆ ಹರಿಯಾಣದ ಹಳ್ಳಿಗಳಿಗೆ ಬಿಹಾರ, ಬಂಗಾಳ, ಅಸ್ಸಾಮುಗಳಿಂದ ದುಡ್ಡು ಕೊಟ್ಟು ಹೆಣ್ಣು ತರುವ ಕಾಲ ಬಂದಾಗ ಯಾರ ಮಾತು ನಿಜವಾಯಿತೆಂದು ಗೊತ್ತಾಯಿತು.

1980ರ ದಶಕದ ನಡುವೆ ಮುಂಬಯಿಯಲ್ಲಿ ಮಹಿಳಾ ಸಂಘಟನೆಗಳು, ವೈದ್ಯರು, ವಿಜ್ಞಾನ ಚಳವಳಿಯವರು ಸೇರಿ ಲಿಂಗಪತ್ತೆಯ ವಿರುದ್ಧ ವೇದಿಕೆ ಕಟ್ಟಿದರು. ಅದರ ಫಲವಾಗಿ 1988ರಲ್ಲಿ ಮಹಾರಾಷ್ಟ್ರದಲ್ಲಿ ದೇಶದ ಮೊದಲ ಕಾನೂನು ಬಂತು. 1994ರಲ್ಲಿ ಕೇಂದ್ರದ ಕಾನೂನು ಬಂದು 1996ರ ಜನವರಿ 1ರಂದು ಜಾರಿಯಾಯಿತು. ಆ ಹೊತ್ತಿಗೆ ಸೂಜಿ ಹಳತಾಗಿತ್ತು. ನೋವಿಲ್ಲದ, ಅಗ್ಗದ, ವ್ಯಾನಿನಲ್ಲಿ ಒಯ್ಯಬಹುದಾದ ಸ್ಕ್ಯಾನಿಂಗ್ ಯಂತ್ರ ತಾಲೂಕು ಮುಟ್ಟಿತ್ತು. ಕಾನೂನು ಕಡತದಲ್ಲೇ ಕುಳಿತಾಗ ಸೆಹತ್, ಮಾಸೂಮ್ ಸಂಸ್ಥೆಗಳೂ ಸಾಬು ಜಾರ್ಜ್ ಅವರೂ 2000ದಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2003ರ ತಿದ್ದುಪಡಿ ಬಂದದ್ದು ಅದರ ಬೆನ್ನಿಗೆ.

ಈ ಹೋರಾಟದ ಒಳಗೇ ಒಂದು ಮುಳ್ಳಿತ್ತು. 1971ರ ಕಾನೂನು ಹೆಣ್ಣಿಗೆ ಗರ್ಭಪಾತದ ದಾರಿ ತೆರೆದಿತ್ತು. ತನ್ನ ದೇಹ ತನ್ನದು ಎಂದವರು, ಈ ಕಾರಣಕ್ಕೆ ಮಾತ್ರ ತೆಗೆಸಬೇಡ ಎಂದು ಹೇಗೆ ಹೇಳುವುದು? ಅದಕ್ಕೇ ಅನೇಕ ಸ್ತ್ರೀವಾದಿಗಳು ‘ಭ್ರೂಣಹತ್ಯೆ’ ಎಂಬ ಪದವನ್ನು ಒಪ್ಪಲಿಲ್ಲ. ಧರ್ಮಶಾಸ್ತ್ರದ ಪಾಪಗಳ ಪಟ್ಟಿಯಿಂದ ಎದ್ದು ಬಂದ ಆ ಪದ, ಗರ್ಭಪಾತವೆಲ್ಲ ಕೊಲೆ, ತಾಯಿಯೇ ಕೊಲೆಗಾರ್ತಿ ಎಂದುಬಿಡುತ್ತದೆ. ಅವರ ಉತ್ತರ ಹೀಗಿತ್ತು: ತಪ್ಪು ಗರ್ಭಪಾತದಲ್ಲಿಲ್ಲ, ಹೆಣ್ಣೆಂದು ಆರಿಸಿ ತೆಗೆಯುವುದರಲ್ಲಿದೆ, ತಡೆಯಬೇಕಾದದ್ದು ಪರೀಕ್ಷೆಯನ್ನು. ಕಾನೂನಿನ 24ನೇ ಕಲಮಿನಲ್ಲಿ ಈ ತಿಳಿವಳಿಕೆಯ ನೆರಳಿದೆ. ಬೇರೆಯದು ಸಾಬೀತಾಗುವ ತನಕ, ಪರೀಕ್ಷೆಗೆ ಬಂದವಳು ಗಂಡನ ಅಥವಾ ಬಂಧುಗಳ ಒತ್ತಾಯದಿಂದ ಬಂದಳೆಂದೇ ಕೋರ್ಟು ಭಾವಿಸಬೇಕು. ನಮ್ಮ ಪತ್ರಿಕೆಗಳು ಮಾತ್ರ ಇಂದಿಗೂ ಆ ಹಳೆಯ ಪದವನ್ನೇ ಬಳಸುತ್ತವೆ.

ಇನ್ನೊಂದು ಪ್ರಶ್ನೆ ಎತ್ತಿದವರು ಅಂಗವಿಕಲ ಹೆಣ್ಣುಮಕ್ಕಳು. ಹೆಣ್ಣೆಂದು ತೆಗೆಸುವುದು ಅನ್ಯಾಯವಾದರೆ, ಅಂಗವೈಕಲ್ಯವಿದೆಯೆಂದು ತೆಗೆಸುವುದು ಹೇಗೆ ನ್ಯಾಯ ಎಂದು ಅನಿತಾ ಘಾಯಿ ಅಂಥವರು ಕೇಳಿದರು. 2021ರ ತಿದ್ದುಪಡಿಯಂತೆ, ತೀವ್ರ ದೋಷವಿದೆಯೆಂದು ವೈದ್ಯಕೀಯ ಮಂಡಳಿ ಹೇಳಿದರೆ ಗರ್ಭಪಾತಕ್ಕೆ ವಾರಗಳ ಮಿತಿಯೇ ಇಲ್ಲ. ಅಂಥ ಮಗುವನ್ನು ಸಾಕುವ ಭಾರವೆಲ್ಲ ತಾಯಿಯ ಹೆಗಲಿಗೇ ಬೀಳುವ ನಾಡಿನಲ್ಲಿ ಅವಳ ತೀರ್ಮಾನವನ್ನು ಹಳಿಯಲು ನನಗೆ ಬಾಯಿ ಬಾರದು. ಆದರೂ ಘಾಯಿಯವರ ಪ್ರಶ್ನೆಗೆ ನಮ್ಮಲ್ಲಿ ಇನ್ನೂ ನೇರ ಉತ್ತರವಿಲ್ಲ.

ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ದೇಶದಲ್ಲಿ 1961ರಲ್ಲಿ 976 ಹೆಣ್ಣುಮಕ್ಕಳಿದ್ದರು. 1991ಕ್ಕೆ 945, 2001ಕ್ಕೆ 927. ಇದು ಪಂಜಾಬ್, ಹರಿಯಾಣದ ಕತೆ ಎಂದು ನಾವು ಬಹಳ ಕಾಲ ಸಮಾಧಾನಪಟ್ಟುಕೊಂಡೆವು. 2023ರ ಫೆಬ್ರವರಿಯಲ್ಲಿ ಮಂಡ್ಯ ಸೀಮೆಯ ಮದುವೆಯಾಗದ ರೈತ ಯುವಕರು ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದಾಗ ಜನ ನಕ್ಕರು. ಬೇಸಾಯಗಾರನಿಗೆ ಹೆಣ್ಣು ಕೊಡಲೊಲ್ಲರು ಎಂಬುದೂ ಅದಕ್ಕೆ ಕಾರಣವಿದ್ದೀತು. ಆದರೆ ಅದೇ ವರ್ಷದ ಕೊನೆಗೆ, ಅದೇ ಜಿಲ್ಲೆಯ ಒಂದು ಆಲೆಮನೆಯಲ್ಲಿ ಕದ್ದು ಸ್ಕ್ಯಾನಿಂಗ್ ನಡೆಯುತ್ತಿದ್ದುದನ್ನು ಬೆಂಗಳೂರಿನ ಪೊಲೀಸರು ಬಯಲಿಗೆಳೆದರು. ಕಬ್ಬು ಅರೆದು ಬೆಲ್ಲ ಕಾಯಿಸುವ ಜಾಗದಲ್ಲಿ ಹೆಣ್ಣನ್ನು ಬೇರ್ಪಡಿಸಿ ತೆಗೆಯುವ ಕೆಲಸ ನಡೆದಿತ್ತು. ಆಗ ಯಾರೂ ನಗಲಿಲ್ಲ.

ಕಾನೂನಿನ ಬಿಗಿ ಹೆಚ್ಚಿದಂತೆ ಕೆಲವು ರಾಜ್ಯಗಳ ಔಷಧದಂಗಡಿಗಳು ಗರ್ಭಪಾತದ ಮಾತ್ರೆ ಇಟ್ಟುಕೊಳ್ಳಲೂ ಅಂಜತೊಡಗಿದವು. ಯಂತ್ರದ ಮೇಲಿರಬೇಕಾದ ಕಣ್ಣು ಮತ್ತೆ ಬಸುರಿಯ ಮೇಲೆ ಬಿತ್ತು. ಎರಡನೆಯದೂ ಹೆಣ್ಣಾದ ತಾಯಿಯನ್ನು ಬಾಣಂತಿ ಕೋಣೆಯಲ್ಲೇ ‘ಇನ್ನೊಂದು ನೋಡ್ತೀರೇನಮ್ಮ?’ ಎಂದು ಕೇಳುವವರು ವೈದ್ಯರೂ ಅಲ್ಲ, ದಲ್ಲಾಳಿಗಳೂ ಅಲ್ಲ. ಅವರು ಹಾರ್ಲಿಕ್ಸು, ಹಣ್ಣು ಹಿಡಿದು ನೋಡಲು ಬಂದ ನಾವು. ಯಂತ್ರಕ್ಕೆ ಬೀಗ ಹಾಕುವ ಕೆಲಸ ಸರ್ಕಾರದ್ದು. ಆ ಮಾತನ್ನು ನಿಲ್ಲಿಸುವ ಕೆಲಸ ನಮ್ಮದೇ.