ಅಂಚಿಲ್ಲದ ಹೂವು

ನಮ್ಮ ಹೆಣ್ಣುಮಕ್ಕಳಿಗೆ ಹೂವಿನ ಚಿತ್ರ ಬರೆಯುವುದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಹೊಸಿಲ ಮುಂದಿನ ರಂಗೋಲಿ, ದಿಂಬಿನ ಚೀಲದ ಮೇಲಿನ ಹೊಲಿಗೆ, ಮದುವೆಮನೆಯ ಹಸೆಮಣೆಯ ಮೇಲಿನ ಎಂಟೆಸಳಿನ ಕಮಲ, ಎಲ್ಲದರಲ್ಲೂ ಹೂವೇ. ಆದರೆ ಈ ಹೂವುಗಳಿಗೆಲ್ಲ ಒಂದು ಗಟ್ಟಿ ಅಂಚಿತ್ತು. ಮೊದಲು ಗೆರೆ, ಆಮೇಲೆ ಬಣ್ಣ. ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು ಹೇಳಿಕೊಟ್ಟ ಮೊದಲ ಪಾಠವೂ ಬಣ್ಣ ಗೆರೆ ದಾಟಬಾರದು ಎಂಬುದೇ. (ಹೆಣ್ಣುಮಕ್ಕಳಿಗೆ ಈ ಪಾಠವನ್ನು ಮನೆಯಲ್ಲೂ ಬೇರೆ ರೀತಿಯಲ್ಲಿ ಹೇಳಿಕೊಡುತ್ತಿದ್ದರೆನ್ನಿ.) ಹಾಗಿರುವಾಗ ಅಂಚೇ ಇಲ್ಲದ ಹೂವು, ಮಂಜಿನಲ್ಲಿ ಅರ್ಧ ಕರಗಿದಂತೆ ಕಾಣುವ ಹೂವು, ಈಗ ಸೀರೆಯ ಮೇಲೆ, ಮದುವೆ ಕರೆಯೋಲೆಯ ಮೇಲೆ, ಪರದೆಯ ಬಟ್ಟೆಯ ಮೇಲೆ ಎಲ್ಲೆಲ್ಲೂ ಅರಳಿಕೊಂಡಿದೆಯಲ್ಲ, ಇದು ಎಲ್ಲಿಂದ ಬಂತು? ಸಮಾಜ ವಿಜ್ಞಾನ ಪಾಠ ಮಾಡುವವಳಿಗೆ ಯಾವುದನ್ನು ಕಂಡರೂ ಇಸವಿ ಕೇಳುವ ಚಟ. ಕೇಳುತ್ತಾ ಹೋದರೆ ಇದರ ಬೇರು ಜಪಾನಿಗೂ ಹೋಯಿತು, ನಮ್ಮ ಮೈಸೂರಿಗೂ ಬಂತು.

ಮೊದಲು ಗೆರೆಯವರ ಮಾತು ಹೇಳಿಬಿಡುತ್ತೇನೆ. ಮೈಸೂರು ಶೈಲಿಯ ಚಿತ್ರಗಾರರು ಹುಣಸೆ ಕಡ್ಡಿಯನ್ನು ಸುಟ್ಟು ಇದ್ದಿಲು ಮಾಡಿಕೊಂಡು ಅದರಿಂದ ರೇಖೆ ಎಳೆಯುತ್ತಿದ್ದರು. ಒಡವೆ, ಕಿರೀಟಗಳಿಗೆ ಮಕ್ಕಿ ಸಫೇದದ ಉಬ್ಬು ಕೊಟ್ಟು ಅದರ ಮೇಲೆ ಚಿನ್ನದ ರೇಕು ಕೂರಿಸುತ್ತಿದ್ದರು. ದೇವಿಯ ಕೈಯಲ್ಲಿರುವ ತಾವರೆಯ ಒಂದೊಂದು ಎಸಳನ್ನೂ ಎಣಿಸಬಹುದು. ಇಂಗ್ಲಿಷರು ಬಂದ ಮೇಲೆ ಹೂವಿನ ಚಿತ್ರಕ್ಕೆ ಇನ್ನೊಂದು ಕೆಲಸ ಹುಟ್ಟಿತು. 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ಸರ್ಜನ್ ಆಗಿದ್ದ ಹ್ಯೂ ಕ್ಲೆಗಾರ್ನ್ ಎಂಬಾತ ಒಬ್ಬ ಮರಾಠಿ ಚಿತ್ರಗಾರನನ್ನು ಇಟ್ಟುಕೊಂಡು ದಿನಕ್ಕೊಂದು ಗಿಡದ ಚಿತ್ರ ಬರೆಸಿದ. ಆ ಚಿತ್ರಗಳು ಈಗ ಎಡಿನ್‌ಬರೋದ ಸಸ್ಯೋದ್ಯಾನದಲ್ಲಿವೆ. ನಮ್ಮ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಅಲ್ಲಿ ಜಾನ್ ಕ್ಯಾಮರಾನ್, ಆಮೇಲೆ ಕ್ರುಂಬಿಗಲ್ ಅವರ ಕಾಲದಲ್ಲಿ ಚೆಲುವಯ್ಯ ರಾಜು ಎಂಬ ಕಲಾವಿದರು ಉದ್ಯಾನದ ಗಿಡಗಳನ್ನು ಒಂದೊಂದಾಗಿ ಬರೆದಿಟ್ಟರು. ಅಲ್ಲಿ ಕೇಸರ ಎಷ್ಟು, ಎಲೆಯ ಅಂಚು ಗರಗಸದಂತೆಯೋ ನುಣುಪೋ, ಎಲ್ಲ ಲೆಕ್ಕಾಚಾರ. ಮಬ್ಬಾದರೆ ಆ ಚಿತ್ರ ಕೆಲಸಕ್ಕೆ ಬಾರದು.

ಇತ್ತ ಹೀಗಿರುವಾಗ ಅತ್ತ ಜಪಾನಿನಲ್ಲಿ ಒಂದು ಜಗಳ ನಡೆಯಿತು. 1900ರ ಆಸುಪಾಸಿನಲ್ಲಿ ಒಕಾಕುರಾ ತೆನ್‌ಶಿನ್ ಎಂಬ ವಿದ್ವಾಂಸರ ಬಳಗದ ಇಬ್ಬರು ತರುಣ ಕಲಾವಿದರು, ಯೊಕೊಯಾಮಾ ತೈಕಾನ್ ಮತ್ತು ಹಿಶಿದಾ ಶುನ್ಸೋ, ರೇಖೆಯನ್ನೇ ಬಿಟ್ಟುಬಿಟ್ಟರು. ಗಾಳಿಗೆ, ಬೆಳಕಿಗೆ, ತೇವಕ್ಕೆ ಗೆರೆಯೆಲ್ಲಿದೆ ಎಂಬುದು ಅವರ ವಾದ. ಬಣ್ಣ ಹಸಿಯಾಗಿರುವಾಗಲೇ ಒಣ ಕುಂಚದಿಂದ ತೀಡಿ ಹರಡಿಬಿಡುತ್ತಿದ್ದರು. ರೇಖೆಯೇ ಪ್ರಾಣ ಎಂದು ನಂಬಿದ ವಿಮರ್ಶಕರು ಇದನ್ನು ‘ಮೋರೋತೈ’ ಎಂದು ಕರೆದು ನಕ್ಕರು. ಮಬ್ಬು ಮಬ್ಬಾದ ಶೈಲಿ ಎಂದು ಅದರ ಅರ್ಥ. ಬೈಗುಳವಾಗಿ ಹುಟ್ಟಿದ ಆ ಹೆಸರೇ ಕಲೆಯ ಚರಿತ್ರೆಯಲ್ಲಿ ಉಳಿದುಕೊಂಡಿತು.

1903ರಲ್ಲಿ ಇವರಿಬ್ಬರೂ ಕಲ್ಕತ್ತೆಗೆ ಬಂದು ಠಾಕೂರರ ಮನೆಯವರ ಒಡನಾಟದಲ್ಲಿದ್ದರು. ತೈಕಾನ್ ನೀರಿನ ಕುಂಚವನ್ನು ಕಾಗದದ ಮೇಲೆ ಆಡಿಸುವುದನ್ನು ಅವನೀಂದ್ರನಾಥ ಠಾಕೂರರು ನೋಡಿದರು. ತಾವು ಒಂದು ಹೆಜ್ಜೆ ಮುಂದೆ ಹೋಗಿ ಬರೆದ ಚಿತ್ರವನ್ನೇ ನೀರಿನಲ್ಲಿ ಮುಳುಗಿಸಿದರು! ಬಣ್ಣ ಹಾಕುವುದು, ಒಣಗಿಸುವುದು, ಇಡೀ ಕಾಗದವನ್ನು ನೀರಿಗೆ ಅದ್ದುವುದು, ಮೇಲೆ ತೆಳ್ಳನೆ ಬಣ್ಣದ ನೀರನ್ನು ಅಗಲ ಕುಂಚದಿಂದ ಹಾಯಿಸುವುದು, ಮತ್ತೆ ಒಣಗಿಸುವುದು. ಇದನ್ನು ‘ವಾಶ್’ ಎನ್ನುತ್ತಾರೆ. ಅಂಚುಗಳು ತಾವಾಗಿ ಕರಗಿ ಬಣ್ಣ ಕಾಗದದೊಳಕ್ಕೇ ಇಳಿಯುತ್ತದೆ. ಬಟ್ಟೆ ಒಗೆಯುವ ನಮಗೆ ಇದು ಬೇಗ ಅರ್ಥವಾಗುವ ವಿದ್ಯೆ. ಬಣ್ಣ ಹೋಗುವ ಸೀರೆಯನ್ನು ಎಷ್ಟು ಸಲ ಅದ್ದಬಹುದು, ಎಲ್ಲಿ ನಿಲ್ಲಿಸಬೇಕು ಎಂಬುದರಲ್ಲೇ ಎಲ್ಲ ಇದೆ.

ಈ ವಿದ್ಯೆ ಕನ್ನಡನಾಡಿಗೆ ಬಂದದ್ದು ಕೆ. ವೆಂಕಟಪ್ಪನವರಿಂದ. ಅವರು ಮೈಸೂರಿನ ಚಿತ್ರಗಾರರ ಮನೆತನದವರು, ಎಂದರೆ ಅದೇ ಹುಣಸೆ ಇದ್ದಿಲು, ಚಿನ್ನದ ರೇಕಿನವರು. 1909ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಕಳಿಸಿದರು. ಅಲ್ಲಿ ಅವನೀಂದ್ರನಾಥರ ಶಿಷ್ಯರಾಗಿ, ನಂದಲಾಲ್ ಬೋಸರ ಜೊತೆಗಾರರಾಗಿ ಬೆಳೆದು 1916ರಲ್ಲಿ ಹಿಂತಿರುಗಿದರು. 1920ರ ದಶಕದಲ್ಲಿ ಊಟಿಗೆ ಹೋಗಿ ಜಲವರ್ಣದ ಚಿತ್ರ ಬರೆದರು. ಆ ಬೆಟ್ಟ, ಆ ಮಂಜು, ಆ ಬೆಳದಿಂಗಳನ್ನು ನಾನು ಬಿ.ಎಡ್. ಓದುವಾಗ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯಲ್ಲಿ ಮೊದಲು ನೋಡಿದೆ. ನನ್ನ ಕಣ್ಣಿಗೆ ಬಿದ್ದದ್ದು ಒಂದು: ಗುರುಗಳಂತೆ ಇವರು ಎಲ್ಲವನ್ನೂ ಕರಗಿಸಲಿಲ್ಲ. ದೂರದ ಗುಡ್ಡ ಹಬೆಯಂತಿದ್ದರೂ ಹತ್ತಿರದ ಮರದ ರೆಂಬೆ ಚಿತ್ರಗಾರರ ಮನೆತನದ ಗೆರೆಯಂತೆಯೇ ಖಚಿತವಾಗಿದೆ. ಮಬ್ಬು ಎಷ್ಟು ಬೇಕು ಎಂಬುದನ್ನು ನಮ್ಮವರಲ್ಲಿ ಇಷ್ಟು ಚೆನ್ನಾಗಿ ತಿಳಿದವರು ಇನ್ನೊಬ್ಬರಿಲ್ಲ ಎಂದೇ ನನ್ನ ಅಭಿಪ್ರಾಯ. 1965ರಲ್ಲಿ ತೀರಿಕೊಳ್ಳುವವರೆಗೂ ಒಂಟಿಯಾಗಿ, ಚಿತ್ರ ಮತ್ತು ವೀಣೆ ಎರಡನ್ನೇ ನಂಬಿಕೊಂಡು ಬಾಳಿದರು.

ಇಷ್ಟು ದೊಡ್ಡವರ ಪಕ್ಕದಲ್ಲಿ ನಮ್ಮ ಮನೆಗಳ ಮಾತು ಆಡಬಹುದೋ ಇಲ್ಲವೋ, ಆಡಿಯೇ ಬಿಡುತ್ತೇನೆ. ಎಲೆಯೊಂದನ್ನು ಕಾಗದದ ಮೇಲಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಬಣ್ಣದಲ್ಲಿ ಅದ್ದಿ ಬಾಚಣಿಗೆಯ ಮೇಲೆ ಉಜ್ಜಿ ತುಂತುರು ಹಾರಿಸಿ ‘ಸ್ಪ್ರೇ ಪೇಂಟಿಂಗ್’ ಮಾಡದ ಹುಡುಗಿ ನಮ್ಮ ಕಾಲದಲ್ಲಿ ಇದ್ದಳೇ? ‘ಲಾಂಗ್ ಅಂಡ್ ಶಾರ್ಟ್’ ಹೊಲಿಗೆಯಲ್ಲಿ ಕಡುಗೆಂಪಿನಿಂದ ತಿಳಿಗುಲಾಬಿಗೆ ನೂಲು ಬದಲಿಸುತ್ತಾ ಗುಲಾಬಿಗೆ ‘ಶೇಡ್’ ಕೊಡುತ್ತಿದ್ದೆವು. ಫ್ಯಾಬ್ರಿಕ್ ಪೇಂಟಿಂಗಿನಲ್ಲಿ ಬಣ್ಣ ಆರುವ ಮೊದಲೇ ಒದ್ದೆ ಬ್ರಷ್ಷಿನಿಂದ ಎಸಳಿನ ತುದಿಯನ್ನು ಎಳೆದುಬಿಡುತ್ತಿದ್ದೆವು. ಮೋರೋತೈ ಎಂಬ ಹೆಸರು ಗೊತ್ತಿಲ್ಲದೆಯೇ ಮಾಡಿದ ಮೋರೋತೈ ಅದು.

ಇನ್ನು ಕಂಪ್ಯೂಟರಿನ ವಿಷಯ. ಗಣಕಯಂತ್ರಕ್ಕೆ ಎಲ್ಲಕ್ಕಿಂತ ಕಷ್ಟವಾದದ್ದು ಈ ಮೃದುತ್ವವೇ. ಪರದೆಯೆಂದರೆ ಚುಕ್ಕೆಗಳ ಚೌಕಳಿ. ನಮ್ಮ ಧಾರವಾಡ ಕಸೂತಿಯಂತೆ ಎಳೆ ಎಣಿಸಿ ಹಾಕಬೇಕು. 1973ರಲ್ಲಿ ಅಮೆರಿಕದ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ರಿಚರ್ಡ್ ಶೌಪ್ ಎಂಬವರ ‘ಸೂಪರ್‌ಪೇಂಟ್’ 256 ಬಣ್ಣಗಳನ್ನು ತೋರಿಸಿತು. ಆದರೆ 1984ರಲ್ಲಿ ಜನರ ಕೈಗೆ ಬಂದ ‘ಮ್ಯಾಕ್‌ಪೇಂಟ್’ನಲ್ಲಿ ಚುಕ್ಕೆ ಕಪ್ಪು, ಇಲ್ಲವೇ ಬಿಳಿ. ನಡುವೆ ಏನೂ ಇಲ್ಲ. ಮಂಜೆಲ್ಲಿಂದ ಬರಬೇಕು? 1987ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಥಾಮಸ್ ನೋಲ್, ಕಪ್ಪುಬಿಳುಪಿನ ಪರದೆಯ ಮೇಲೆ ಬೂದುಬಣ್ಣದ ಛಾಯೆಗಳನ್ನು ತೋರಿಸಬೇಕೆಂದು ಒಂದು ಪುಟ್ಟ ಪ್ರೋಗ್ರಾಂ ಬರೆದ. ಅದನ್ನೇ ತನ್ನ ಸೋದರ ಜಾನ್‌ನೊಡನೆ ಸೇರಿ ಬೆಳೆಸಿದ್ದು 1990ರಲ್ಲಿ ‘ಫೋಟೋಶಾಪ್’ ಆಗಿ ಮಾರುಕಟ್ಟೆಗೆ ಬಂತು. 1994ರಲ್ಲಿ ಅದಕ್ಕೆ ‘ಲೇಯರ್’ ಎಂಬ ಪದರಗಳು ಸೇರಿದವು. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು, ಒಂದೊಂದರ ಮೇಲೂ ಬೇರೆಬೇರೆ ಬರೆದಂತೆ. ಅವನೀಂದ್ರನಾಥರು ಒಣಗಿಸಿ, ಅದ್ದಿ, ಮತ್ತೆ ಹಾಯಿಸಿದ ಬಣ್ಣದ ನೀರಿನ ಪದರಗಳೇ ಇಲ್ಲಿ ಇನ್ನೊಂದು ವೇಷದಲ್ಲಿ ಬಂದಿವೆ.

ಇದರಲ್ಲಿ ನನ್ನನ್ನು ನಗಿಸಿದ ಸಂಗತಿಯೊಂದಿದೆ. ಅಂಚನ್ನು ಮಸುಕು ಮಾಡುವ ಆಜ್ಞೆಗೆ ಆ ಸಾಫ್ಟ್‌ವೇರುಗಳಲ್ಲಿ ‘ಗಾಸಿಯನ್ ಬ್ಲರ್’ ಎಂದು ಹೆಸರು. ಯಾರಿದು ಗಾಸ್? ಜರ್ಮನಿಯ ಗಣಿತಜ್ಞ, 1777ರಿಂದ 1855ರವರೆಗೆ ಬದುಕಿದ್ದವನು. ಆಕಾಶಕಾಯಗಳ ಚಲನೆಯ ಬಗ್ಗೆ 1809ರಲ್ಲಿ ಬರೆದ ಗ್ರಂಥದಲ್ಲಿ, ಅಳತೆಯಲ್ಲಾಗುವ ತಪ್ಪುಗಳು ಹೇಗೆ ಹಂಚಿಹೋಗುತ್ತವೆಂದು ಲೆಕ್ಕ ಹಾಕಿದ. ಬಿ.ಎಡ್. ಮಾಡಿದ ಅಕ್ಕತಂಗಿಯರೆಲ್ಲರಿಗೂ ನೆನಪಿರಬೇಕು, ‘ನಾರ್ಮಲ್ ಕರ್ವ್’! ಮಕ್ಕಳ ಅಂಕಗಳನ್ನು ಹಂಚಿದರೆ ನಡುವೆ ಎತ್ತರ, ಎರಡೂ ಕಡೆ ಇಳಿಜಾರು, ದೇವಸ್ಥಾನದ ಗಂಟೆಯ ಆಕಾರ. ಪರೀಕ್ಷೆಗಾಗಿ ಉರುಹೊಡೆದ ಆ ಗಂಟೆಯೇ ಹೂವಿನ ಅಂಚನ್ನು ಕರಗಿಸುತ್ತದೆ. ಒಂದೊಂದು ಚುಕ್ಕೆಯೂ ಸುತ್ತಲಿನ ಚುಕ್ಕೆಗಳ ಬಣ್ಣದಲ್ಲಿ ಪಾಲು ಪಡೆಯುತ್ತದೆ. ತನ್ನದು ಎಲ್ಲಕ್ಕಿಂತ ಹೆಚ್ಚು, ಪಕ್ಕದ ಮನೆಯವರದು ಸ್ವಲ್ಪ ಕಡಿಮೆ, ಹಿಂದಿನ ಬೀದಿಯವರದು ಇನ್ನೂ ಕಡಿಮೆ, ಊರಾಚೆಯವರದು ಲೆಕ್ಕಕ್ಕಿಲ್ಲ. ನೆರೆಹೊರೆಯಲ್ಲಿ ಕಾಫಿಪುಡಿ ಹಂಚಿಕೊಳ್ಳುವ ಕ್ರಮವೂ ಇಷ್ಟೇ ಅಲ್ಲವೇ.

ಇಷ್ಟೆಲ್ಲ ನಾನು ಕೆದಕಿದ್ದು ಒಬ್ಬ ಹುಡುಗಿಯ ದೆಸೆಯಿಂದ. ನಾವಿರುವ ಅಬ್ಬಿಗೆರೆ, ಜಾಲಹಳ್ಳಿಯ ಆಚೆ, ಕೆರೆ ಇರುವ ಹಳ್ಳಿಯಾಗಿತ್ತು. ಈಗ ಒಂದು ಬೀದಿಯಲ್ಲಿ ಸಣ್ಣ ಕಾರ್ಖಾನೆಗಳ ಶೆಡ್ಡು, ಇನ್ನೊಂದು ಬೀದಿಯಲ್ಲಿ ಮೂರಂತಸ್ತಿನ ಬಾಡಿಗೆ ಮನೆಗಳು. ಅಂಥ ಒಂದು ಮನೆಯ ಮೇಲಿನ ಕೋಣೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ಇದ್ದಾಳೆ. ಬಿ.ಕಾಂ. ಓದಿ ಲೆಕ್ಕಪತ್ರದ ಕೆಲಸದಲ್ಲಿದ್ದವಳು, ಮಗು ಹುಟ್ಟಿದ ಮೇಲೆ ಬಿಟ್ಟಳು. ಐದಾರು ವರ್ಷದಿಂದ ಸೀರೆ ವ್ಯಾಪಾರಿಗಳಿಗೆ ಕಂಪ್ಯೂಟರಿನಲ್ಲಿ ಹೂವಿನ ವಿನ್ಯಾಸ ಬರೆದುಕೊಡುತ್ತಾಳೆ. ಅವು ಸೂರತ್ತಿನಲ್ಲಿ ಅಚ್ಚಾಗಿ ಚಿಕ್ಕಪೇಟೆಗೆ ಬರುತ್ತವೆ. ಅವಳು ಬಳಸುವುದು ‘ಕ್ರಿಟಾ’ ಎಂಬ ಸಾಫ್ಟ್‌ವೇರು. ಸ್ವೀಡನ್ನಿನ ಭಾಷೆಯಲ್ಲಿ ಕ್ರಿಟಾ ಎಂದರೆ ಸೀಮೆಸುಣ್ಣ. ಕಾಸು ಕೊಡಬೇಕಾಗಿಲ್ಲ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ಅವಳು ಬರೆಯುವುದನ್ನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಹಿಂದಿನ ಪದರದಲ್ಲಿ ದೊಡ್ಡ ಮೃದು ಕುಂಚದಿಂದ ಮೂರುನಾಲ್ಕು ಬಣ್ಣದ ಮೋಡ. ಅದರ ಮೇಲಿನ ಪದರದಲ್ಲಿ ಎಸಳುಗಳು, ಬಣ್ಣ ನೂರಕ್ಕೆ ಇಪ್ಪತ್ತು ಮೂವತ್ತರಷ್ಟೇ ಗಾಢ. ಹಿಂದಿನ ಹೂಗಳಿಗೆ ಹೆಚ್ಚು ಮಸುಕು, ಮುಂದಿನವಕ್ಕೆ ಕಡಿಮೆ. ಎಲ್ಲಕ್ಕೂ ಮುಂದಿರುವ ಹೂವಿನ ಒಂದೇ ಒಂದು ಎಸಳಿನ ತುದಿಯನ್ನು ಮಾತ್ರ ಸೂಜಿಯಂತೆ ಚೂಪಾಗಿ ಬಿಡುತ್ತಾಳೆ.

“ಇದೊಂದನ್ನು ಯಾಕೆ ಬಿಟ್ಟೆಯೇ?” ಎಂದು ಕೇಳಿದೆ.

“ಇದಿಲ್ಲದಿದ್ದರೆ ಕನ್ನಡಕ ತೆಗೆದಿಟ್ಟು ನೋಡಿದ ಹಾಗಿರುತ್ತೆ ಮಿಸ್” ಎಂದಳು.

ವೆಂಕಟಪ್ಪನವರ ಚಿತ್ರ ಇವಳು ನೋಡಿರಲಿಲ್ಲ. ಊಟಿಯ ಆ ರೆಂಬೆ ನನಗೆ ನೆನಪಾಯಿತು.

ಅವಳ ಅತ್ತೆಯವರಿಗೆ ಇದು ಕೆಲಸವೆಂದು ಒಪ್ಪಿಗೆಯಿಲ್ಲ. “ಮಿಷನ್ನೇ ಬರೆಯುತ್ತೆ, ಇವಳು ಗುಂಡಿ ಒತ್ತುತ್ತಾಳೆ” ಎನ್ನುತ್ತಾರೆ. ಹಿಂದೆ ಈ ಮಾತಿಗೆ ನಗಬಹುದಿತ್ತು, ಈಗ ನಗುವಂತಿಲ್ಲ. 2022ರ ಹೊತ್ತಿಗೆ ಹೇಳಿದ್ದನ್ನು ತಾನೇ ಬರೆಯುವ ಕೃತಕ ಬುದ್ಧಿಮತ್ತೆಯ ಯಂತ್ರಗಳು ಎಲ್ಲರ ಕೈಗೂ ಬಂದವು. ಅವು ಹೇಗೆ ಬರೆಯುತ್ತವೆ ಗೊತ್ತೆ? ಟಿ.ವಿ. ಕೆಟ್ಟಾಗ ಕಾಣುತ್ತಿದ್ದ ಎಳ್ಳು ಚೆಲ್ಲಿದಂಥ ಗೊಂದಲದಿಂದ ಆರಂಭಿಸಿ, ಹೆಜ್ಜೆಹೆಜ್ಜೆಯಾಗಿ ಗೊಂದಲವನ್ನು ಕಳೆಯುತ್ತಾ ಹೂವನ್ನು ಹೊರತೆಗೆಯುತ್ತವೆ. ಕಲಿತಿರುವುದು ಮಾತ್ರ ಮನುಷ್ಯರು ಬರೆದ, ತೆಗೆದ ಕೋಟಿಗಟ್ಟಲೆ ಚಿತ್ರಗಳಿಂದ. ಮಬ್ಬು ಹೂವು ಅವಕ್ಕೆ ಬಹಳ ಸುಲಭ, ಏಕೆಂದರೆ ಅಂಚಿಲ್ಲದ ಕಡೆ ತಪ್ಪು ಹುಡುಕುವುದು ಕಷ್ಟ. ಒಬ್ಬ ವ್ಯಾಪಾರಿ ಅವಳ ದರವನ್ನು ಅರ್ಧಕ್ಕಿಳಿಸಿದ. ಇನ್ನೊಬ್ಬ, ಯಂತ್ರ ಬರೆದ ಚಿತ್ರವನ್ನು ಕಳಿಸಿ “ಇದರ ರಿಪೀಟ್ ಸರಿಮಾಡಿಕೊಡಮ್ಮ ಸಾಕು” ಎಂದ. ಮಗುವಿನ ಶಾಲೆಯ ಫೀಸು ಇದೇ ದುಡ್ಡಿನಲ್ಲಿ ಹೋಗುವುದು. ಮರಳಿ ಲೆಕ್ಕಪತ್ರಕ್ಕೇ ಹೋಗಲೇ ಮಿಸ್ ಎಂದು ಕೇಳಿದಳು. ಹೋಗು ಎನ್ನಲೂ ಬೇಡ ಎನ್ನಲೂ ನನಗೆ ಬಾಯಿ ಬರಲಿಲ್ಲ.

ಅವಳೇ ಒಂದು ದಾರಿ ಹಿಡಿದಳು. ವ್ಯಾಪಾರಿಗಳು ಕೇಳುವುದು ಯಾವಾಗಲೂ ಪಿಯೊನಿ, ವಿಲಾಯಿತಿ ಗುಲಾಬಿ. ಇವಳು ನಮ್ಮ ಹೂಗಳಿಗೆ ಕೈಹಾಕಿದಳು. ಇಲ್ಲೇ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೆಳೆಸಿದ ‘ಪ್ರಜ್ವಲ್’ ಎಂಬ ಸುಗಂಧರಾಜದ ತಳಿಯಿದೆ. ಹೂವು ಬಿಳಿ, ಮೊಗ್ಗಿನ ತುದಿಗೆ ಮಾತ್ರ ಇದೆಯೋ ಇಲ್ಲವೋ ಎನ್ನುವಷ್ಟು ಗುಲಾಬಿ. ಒಂದು ಕಡ್ಡಿ ತಂದು ಲೋಟದಲ್ಲಿಟ್ಟುಕೊಂಡು, ಬೆಳಗಿನ ಜಾವ ಮಗು ಏಳುವ ಮೊದಲು ಹನ್ನೊಂದು ದಿನ ಕೂತು ಬರೆದಳು. ಬಿಳಿಯನ್ನು ಬಿಳಿಯ ಮೇಲೆ ಮಸುಕು ಮಾಡುವುದು ಹೇಳಿದಷ್ಟು ಸುಲಭವಲ್ಲ. ಅದಕ್ಕೆಂದು ನೆಲಕ್ಕೆ ಬೂದು ಬೆರೆತ ತಿಳಿಹಸಿರಿನ ಐದು ಪದರ ಹಾಕಿದ್ದಾಳೆ.

ಜೊತೆಗೆ ಕನಕಾಂಬರ, ಸೇವಂತಿಗೆಯ ಎರಡು ವಿನ್ಯಾಸಗಳೂ ಇದ್ದವು. ವ್ಯಾಪಾರಿ ಆ ಎರಡನ್ನು ಹಳೆಯ ದರಕ್ಕೇ ತೆಗೆದುಕೊಂಡ. ಸುಗಂಧರಾಜವನ್ನು ಮಾತ್ರ, ಬಿಳಿ ಹೂವಿನ ಸೀರೆ ಮದುವೆ ಕಾಲದಲ್ಲಿ ಓಡುವುದಿಲ್ಲವೆಂದು ಹಿಂತಿರುಗಿಸಿದ. ಅವಳು ಅದನ್ನು ತನಗೆಂದೇ ಒಂದು, ನನಗೊಂದು, ರವಿಕೆಯ ಬಟ್ಟೆ ಸೇರಿಸಿ ಆರೂಕಾಲು ಮೀಟರಿನಂತೆ ಎರಡು ಸೀರೆ ಅಚ್ಚು ಹಾಕಿಸಲು ಕೊಟ್ಟಿದ್ದಾಳೆ. ದುಡ್ಡು ನಾನೇ ಕೊಡುತ್ತೇನೆಂದು ಹಟ ಹಿಡಿದು ಕೊಟ್ಟೆ. ಅತ್ತೆಯವರು ಮೊನ್ನೆ ಗಂಗಮ್ಮನ ಗುಡಿಯ ಹತ್ತಿರ ಸಿಕ್ಕವರು, ಅಚ್ಚಾದ ಮೇಲೆ ಬಣ್ಣ ಹೋಗುತ್ತೋ ಇಲ್ಲವೋ ಎಂದು ವಿಚಾರಿಸಿದರು. ಸೀರೆ ಇನ್ನೂ ಬಂದಿಲ್ಲ.