ಚಪ್ಪಡಿ ತಾರಸಿ, ಮೋಲ್ಡ್ ತಾರಸಿ

ಅರಿಶಿನಕುಂಟೆಯ ನಮ್ಮ ಮನೆಗೆ ಎರಡು ತಾರಸಿ. ಹಿಂದುಗಡೆಯದು ತಾತ ಕಟ್ಟಿಸಿದ ಕಲ್ಲುಚಪ್ಪಡಿಯ ಭಾಗ. ಮುಂದುಗಡೆಯದು 1994ರಲ್ಲಿ ಅಪ್ಪ ಹಾಕಿಸಿದ ಮೋಲ್ಡ್. ನಡುವೆ ಒಂದೇ ಒಂದು ಮೆಟ್ಟಿಲು. ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನದ ಊಟ ಮುಗಿಸಿ ಯಾರು ಎಲ್ಲಿ ಚಾಪೆ ಹಾಸುತ್ತಾರೆ ಅಂತ ನೋಡಿದರೆ ಸಾಕು, ಯಾವ ತಾರಸಿ ಎಂಥದ್ದು ಅಂತ ಗೊತ್ತಾಗುತ್ತೆ. ಸೋಫಾ, ಟಿವಿ, ಫ್ಯಾನು ಎಲ್ಲ ಇರೋದು ಮುಂದಿನ ಹಾಲಿನಲ್ಲಿ. ಜನ ಮಲಗೋದು ಮಾತ್ರ ಹಿಂದಿನ ನಡುಮನೆಯಲ್ಲಿ!

ಹೋದ ಮಳೆಗಾಲದಲ್ಲಿ ಮುಂದಿನ ರೂಮಿನ ಮೋಲ್ಡಿನಿಂದ ತಟ್ಟೆಯಗಲದ ಒಂದು ಹೆಕ್ಕಳೆ ಕಳಚಿ ಮಂಚದ ಮೇಲೆ ಬಿತ್ತು. ಪುಣ್ಯಕ್ಕೆ ಯಾರೂ ಮಲಗಿರಲಿಲ್ಲ. ತಲೆಯೆತ್ತಿ ನೋಡಿದರೆ ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬಿ, ಜೋಳದ ಕಡ್ಡಿಯಂತೆ ಸಿಪ್ಪೆ ಬಿಟ್ಟುಕೊಂಡಿತ್ತು. ಮೇಸ್ತ್ರಿ ಬಂದು ನೋಡಿದವರು, "ಎಲ್ಲಾ ಒಡೆದುಬುಡಿ ಸಾರ್, ಆ ಹಳೇ ಚಪ್ಪಡಿನೂ ಸೇರಿಸಿ. ಒಂದೇ ಮೋಲ್ಡ್ ಎಳೆದು ಮೇಲೆ ಎರಡು ಬಾಡಿಗೆ ಮನೆ ಹಾಕೋಣ" ಅಂದರು. ಅಣ್ಣನಿಗೂ ಅದೇ ಸರಿ ಅನ್ನಿಸಿತು. ನೆಲಮಂಗಲದ ಸುತ್ತ ಗೋದಾಮು, ಕಾರ್ಖಾನೆ ಬಂದಮೇಲೆ ಬಾಡಿಗೆ ಮನೆಗೇನು ಬರವಿಲ್ಲ. ನಾನೊಬ್ಬ ಮಾತ್ರ "ಒಂದು ತಿಂಗಳು ತಡಿ ಅಣ್ಣ" ಅಂದೆ. ಆ ಒಂದು ತಿಂಗಳು ಓದಿದ್ದು, ಕೇಳಿದ್ದು, ತಿರುಗಿದ್ದು ಈ ಬರಹ. ಸ್ವಲ್ಪ ಉದ್ದ ಆಗಿದೆ, ಸಹಿಸಿಕೊಳ್ಳಿ :-)

ಮೊದಲನೇದಾಗಿ, ಚಪ್ಪಟೆ ತಾರಸಿ ಅನ್ನೋದು ಸಿಮೆಂಟಿನ ಜೊತೆ ಬಂದದ್ದು ಅಂತ ನಾನು ಅಂದುಕೊಂಡಿದ್ದೆ. ತಪ್ಪು. ಮಲೆನಾಡು, ಕರಾವಳಿಗೆ ಇಳಿಜಾರು ಸೂರು, ನಮ್ಮ ಬಯಲುಸೀಮೆಗೆ ಮಾಳಿಗೆ. ಹುಣಸೆಹಣ್ಣು, ಮೆಣಸಿನಕಾಯಿ, ಸಂಡಿಗೆ ಒಣಗಿಸೋಕೆ, ಸೆಕೆಗಾಲದ ರಾತ್ರಿ ಮಲಗೋಕೆ ಮಾಳಿಗೆ ಬೇಕೇ ಬೇಕು. ಅದು ಮನೆಯ ಇನ್ನೊಂದು ಅಂಗಳ. ತುಮಕೂರು, ಚಿತ್ರದುರ್ಗದ ಕಡೆ ಜಂತೆಯ ಮೇಲೆ ಕಡ್ಡಿ, ಸೊಪ್ಪು ಹರಡಿ ಮೇಲೆ ಚೌಳು ಮಣ್ಣು ಮೆತ್ತುವ ಮಣ್ಣಿನ ಮಾಳಿಗೆಗಳು. ನಮ್ಮ ನೆಲಮಂಗಲ, ದೇವನಹಳ್ಳಿ ಕಡೆ ಕಲ್ಲಿಗೆ ಬರವಿಲ್ಲವಲ್ಲ, ಹಾಗಾಗಿ ಚಪ್ಪಡಿ. ಶಿವಗಂಗೆ ಬೆಟ್ಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೆಲಮಂಗಲದ ಪಕ್ಕದ ಬಿನ್ನಮಂಗಲದಲ್ಲಿ ಚೋಳರ ಕಾಲದ ಮುಕ್ತಿನಾಥೇಶ್ವರ ದೇವಸ್ಥಾನ ಇದೆ. ಅಲ್ಲಿ ಕಂಬ, ತೊಲೆ, ಚಪ್ಪಡಿ ಅನ್ನೋ ಲೆಕ್ಕ ಏನಿದೆಯೋ ಅದನ್ನೇ ನಮ್ಮ ತಾತನ ಮನೆಯಲ್ಲೂ ಬಡತನದಲ್ಲಿ ಮಾಡಿದ್ದಾರೆ.

ಈ ಚಪ್ಪಡಿ ಎಬ್ಬಿಸುತ್ತಿದ್ದ ರೀತಿ ಗೊತ್ತಾ? 1895ರಲ್ಲಿ ನೇಚರ್ ಪತ್ರಿಕೆಯಲ್ಲಿ ಎಚ್. ವಾರ್ತ್ ಅನ್ನುವವರು ಬೆಂಗಳೂರಿನ ಬಳಿಯ ಕಲ್ಲುಕ್ವಾರಿ ಕೆಲಸದ ಬಗ್ಗೆ ಬರೆದಿದ್ದಾರೆ. ಬಂಡೆಯ ಮೇಲೆ ಏಳಡಿ ಉದ್ದದ ಸಾಲಾಗಿ ಕಟ್ಟಿಗೆ ಜೋಡಿಸಿ ಬೆಂಕಿ ಹಾಕೋದು. ಸುತ್ತಿಗೆಯಲ್ಲಿ ತಟ್ಟಿ ನೋಡೋದು. ಸದ್ದು ಟೊಳ್ಳಾಗಿ ಕೇಳಿತು ಅಂದರೆ ಅಲ್ಲಿವರೆಗೆ ಪದರ ಬಿಟ್ಟಿದೆ ಅಂತ. ಆಮೇಲೆ ಬೆಂಕಿಯನ್ನು ನಾಲ್ಕಾರು ಇಂಚು ಮುಂದಕ್ಕೆ ತಳ್ಳೋದು. ಹೀಗೆ ಬೆಂಕಿಯನ್ನು ನಡೆಸುತ್ತಾ ನಡೆಸುತ್ತಾ ಒಂದು ಇಡೀ ಹಾಳೆಯನ್ನೇ ಬಂಡೆಯಿಂದ ಬಿಡಿಸಿ, ಆಮೇಲೆ ಉಳಿಯಿಂದ ಬೇಕಾದ ಅಳತೆಗೆ ಸೀಳೋದು. ಸಿಡಿಮದ್ದು ಇಲ್ಲ. ಆದರೆ ಇದನ್ನು ಓದಿ ತೀರಾ ಭಾವುಕನಾಗೋಕೂ ನನಗೆ ಮನಸ್ಸಿಲ್ಲ. ಬಿಸಿಲಲ್ಲಿ ಬೆಂಕಿಯ ಮುಂದೆ ಕೂತು, ಕಲ್ಲಿನ ದೂಳು ಕುಡಿದು ಕೆಮ್ಮಿ ಕೆಮ್ಮಿ ಸತ್ತವರ ಲೆಕ್ಕ ಯಾರೂ ಬರೆದಿಟ್ಟಿಲ್ಲ.

ಬರೀ ಚಪ್ಪಡಿ ಇಟ್ಟರೆ ಮನೆ ತಂಪಾಗಿರುತ್ತೆ ಅನ್ನೋದೂ ಸುಳ್ಳು. ಕಲ್ಲು ಕಾದರೆ ಕಾವಲಿಯೇ. ಗುಟ್ಟಿರೋದು ಮೇಲಿನ ಹೊದಿಕೆಯಲ್ಲಿ. ತಾತನ ಮನೆಯಲ್ಲಿ ಚಪ್ಪಡಿಯ ಮೇಲೆ ಸುಮಾರು ಒಂದು ಗೇಣು ಮಣ್ಣು, ಅದರ ಮೇಲೆ ಇಟ್ಟಿಗೆ ಚೂರು ಸೇರಿಸಿ ಬಡಿದ ಸುಣ್ಣದ ಗಾರೆ. ನೀರು ನಿಲ್ಲದ ಹಾಗೆ ಹಿತ್ತಲ ಕಡೆಗೆ ವಾಟ, ಕೊನೆಯಲ್ಲಿ ನೀರು ಹೊರಗೆ ಚೆಲ್ಲೋಕೆ ಕಲ್ಲಿನ ದೋಣಿ. ಮಧ್ಯಾಹ್ನದ ಕಾವು ಆ ಒಂದು ಗೇಣು ದಾಟಿ ಒಳಗೆ ಬರೋ ಹೊತ್ತಿಗೆ ರಾತ್ರಿ ಆಗಿರುತ್ತೆ. ಆಗ ಕಿಟಕಿ ತೆಗೆದರಾಯಿತು.

ಇದರ ಪಟ್ಟಣದ ಅಣ್ಣ ಮದ್ರಾಸ್ ತಾರಸಿ. 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿದೆ. ತೇಗದ ತೊಲೆಗಳು, ಅವುಗಳ ಮೇಲೆ ಸಣ್ಣ ತೆಳು ಇಟ್ಟಿಗೆಯನ್ನು ನಿಲ್ಲಿಸಿ ಮೂಲೆಯಿಂದ ಮೂಲೆಗೆ ಓರೆಯಾಗಿ ಜೋಡಿಸಿದ ಸಾಲು. ಕೆಳಗೆ ಸೆಂಟ್ರಿಂಗ್ ಬೇಡ, ಒಂದು ಸಾಲಿನ ಸುಣ್ಣದ ಅಂಟಿಗೆ ಮುಂದಿನ ಸಾಲು ಕೂತುಕೊಳ್ಳುತ್ತೆ. ಅದರ ಮೇಲೆ ಇಟ್ಟಿಗೆ ಜಲ್ಲಿ, ಸುಣ್ಣ ಬೆರೆಸಿದ ಮೂರು ನಾಲ್ಕು ಇಂಚಿನ ಹಾಸು. ಅಳಲೆಕಾಯಿ, ಬೆಲ್ಲ ಕರಗಿಸಿದ ನೀರು ಚಿಮುಕಿಸುತ್ತಾ ಹೆಂಗಸರು ಸಾಲಾಗಿ ಕೂತು ಮರದ ಕೊಡತಿಯಲ್ಲಿ ದಿನಗಟ್ಟಲೆ ಬಡಿಯುತ್ತಿದ್ದರು. ಕೊನೆಗೆ ಚಪ್ಪಟೆ ಹೆಂಚು.

ಸುಣ್ಣದ ವಿಷಯ ಬಂತು, ಇಲ್ಲೇ ಸ್ವಲ್ಪ ನಿಲ್ಲುತ್ತೇನೆ, ಯಾಕಂದರೆ ನನಗೆ ಅತ್ಯಂತ ಆಶ್ಚರ್ಯ ಅನ್ನಿಸಿದ್ದು ಇದೇ. ನೂರು ಕೆಜಿ ಶುದ್ಧ ಸುಣ್ಣದ ಕಲ್ಲನ್ನು ಸುಟ್ಟರೆ 56 ಕೆಜಿ ಸುಣ್ಣ ಸಿಗುತ್ತೆ, 44 ಕೆಜಿ ಇಂಗಾಲದ ಡೈ ಆಕ್ಸೈಡ್ ಆಗಿ ಗಾಳಿಗೆ ಹೋಗುತ್ತೆ. ಇದು ಸೌದೆ, ಕಲ್ಲಿದ್ದಲಿನ ಹೊಗೆ ಅಲ್ಲ, ಕಲ್ಲಿನ ಹೊಟ್ಟೆಯೊಳಗೇ ಇದ್ದದ್ದು. ಸಿಮೆಂಟಿನದ್ದೂ ಅರ್ಧಕ್ಕೂ ಹೆಚ್ಚು ಪಾಲು ಇದೇ ಕಥೆ. ಜಗತ್ತಿನ ಒಟ್ಟು ಇಂಗಾಲದ ಡೈ ಆಕ್ಸೈಡಿನಲ್ಲಿ ಸುಮಾರು ನೂರಕ್ಕೆ ಏಳೆಂಟು ಪಾಲು ಸಿಮೆಂಟ್ ತಯಾರಿಕೆಯಿಂದ ಬರುತ್ತೆ. ಆದರೆ ಸುಣ್ಣದ ಗಾರೆ ಒಣಗಿ ಗಟ್ಟಿಯಾಗೋದೇ ಗಾಳಿಯಿಂದ ಆ ಅನಿಲವನ್ನು ವಾಪಸ್ ಎಳೆದುಕೊಂಡು. ಸೌದೆಯ ಹೊಗೆಯ ಸಾಲ ತೀರೋದಿಲ್ಲ, ಆದರೆ ಕಲ್ಲಿನಿಂದ ಬಿಟ್ಟಿದ್ದರಲ್ಲಿ ಬಹುಪಾಲು ನಿಧಾನಕ್ಕೆ ಹಿಂದಕ್ಕೆ ಬಂದು ಮತ್ತೆ ಕಲ್ಲಾಗುತ್ತೆ.

ಕಾಂಕ್ರೀಟೂ ಅದೇ ಗಾಳಿಯನ್ನು ಹೀರುತ್ತೆ. ಅಲ್ಲಿ ಮಾತ್ರ ಅದು ಶಾಪ. ಕಾಂಕ್ರೀಟಿನ ಕ್ಷಾರಗುಣವೇ ಒಳಗಿನ ಕಂಬಿಗೆ ಕವಚ. ವರ್ಷ ಕಳೆದಂತೆ ಇಂಗಾಲದ ಡೈ ಆಕ್ಸೈಡ್ ಒಳಗಿಳಿದು ಆ ಕ್ಷಾರವನ್ನು ತಿಂದುಹಾಕುತ್ತೆ, ಜೊತೆಗೆ ಮಳೆನೀರು ಸೋರಿದರೆ ಕಂಬಿ ತುಕ್ಕು ಹಿಡಿದು ಊದುತ್ತೆ, ಅಡಿಯ ಕಾಂಕ್ರೀಟ್ ಹೆಕ್ಕಳೆ ಎದ್ದು ಬೀಳುತ್ತೆ. ನಮ್ಮ ಮಂಚದ ಮೇಲೆ ಬಿದ್ದದ್ದು ಅದು. ತಾತನ ಗಾರೆಯನ್ನು ಗಟ್ಟಿ ಮಾಡಿದ ಅದೇ ಗಾಳಿ ಅಪ್ಪನ ಮೋಲ್ಡನ್ನು ಕೆಡಿಸಿತು!

ಹಾಗಾದರೆ ಅಪ್ಪ ಯಾಕೆ ಮೋಲ್ಡ್ ಹಾಕಿಸಿದರು? ಇದಕ್ಕೂ ಒಂದು ಚರಿತ್ರೆ ಇದೆ. ಸಿಮೆಂಟ್ ನಮ್ಮ ಸೀಮೆಗೆ ಹೊಸದಲ್ಲ. ಭದ್ರಾವತಿಯಲ್ಲಿ 1930ರ ದಶಕದ ಕೊನೆಗೇ ಸಿಮೆಂಟ್ ಕಾರ್ಖಾನೆ ಆಗಿತ್ತು, 1960ರ ದಶಕದಲ್ಲಿ ತುಮಕೂರು ಜಿಲ್ಲೆಯ ಅಮ್ಮಸಂದ್ರದಲ್ಲೂ ಆಯಿತು. ಆದರೆ ಬೆಲೆ, ಹಂಚಿಕೆ ಎಲ್ಲ ಸರ್ಕಾರದ ಹಿಡಿತದಲ್ಲಿತ್ತು. ನಾಲ್ಕು ಮೂಟೆಗೆ ಅರ್ಜಿ ಹಾಕಿ, ಪರ್ಮಿಟ್ಟಿಗೆ ಕಾದು, ಕೊನೆಗೆ ಕಾಳಸಂತೆಯಲ್ಲಿ ಕೊಳ್ಳುತ್ತಿದ್ದ ಕಥೆಯನ್ನು ಅಪ್ಪ ನಗುತ್ತಾ ಹೇಳುತ್ತಿದ್ದರು. 1982ರಲ್ಲಿ ಅರ್ಧ ನಿಯಂತ್ರಣ ತೆಗೆದರು, 1989ರಲ್ಲಿ ಪೂರ್ತಿ. ಅಲ್ಲಿಗೆ ಕಟ್ಟೆ ಒಡೆದ ಹಾಗಾಯಿತು. ತೇಗ ಬಡವರ ಕೈ ಬಿಟ್ಟು ಎಷ್ಟೋ ಕಾಲವಾಗಿತ್ತು, ಸುಣ್ಣ ಬಡಿಯೋಕೆ ಹತ್ತು ಹದಿನೈದು ದಿನ ಯಾರು ಕೂರುತ್ತಾರೆ? ಮೋಲ್ಡ್ ಆದರೆ ಬೆಳಗ್ಗೆ ಶುರು ಮಾಡಿ ಸಂಜೆಗೆ ಮುಗಿಸಿ ಬಿರಿಯಾನಿ ಹಾಕಿಸಿಬಿಡಬಹುದು. ಮೇಲೆ ಇನ್ನೊಂದು ಅಂತಸ್ತೂ ಏರಿಸಬಹುದು. "ಮೋಲ್ಡ್ ಮನೆ" ಅಂದರೆ ಊರಲ್ಲಿ ಒಂದು ಮರ್ಯಾದೆ, ಗಂಡಿನ ಮನೆ ನೋಡೋಕೆ ಬಂದವರು ಮೊದಲು ತಲೆಯೆತ್ತಿ ಸೂರು ನೋಡುತ್ತಿದ್ದರು. ಅಪ್ಪನನ್ನು ದೂರುವ ಹಕ್ಕು ನನಗಿಲ್ಲ. ಆ ಮೋಲ್ಡಿನ ಕೆಳಗೇ ನಾನು ಓದಿದ್ದು.

ಈಗ ಮೋಲ್ಡಿನ ಲೆಕ್ಕ. ಹತ್ತು ಚದರದ ಮನೆಗೆ ನಾಲ್ಕಿಂಚು ಮೋಲ್ಡ್ ಅಂದರೆ ಮಿಶ್ರಣ ನೋಡಿಕೊಂಡು ಸೂರೊಂದಕ್ಕೇ 60ರಿಂದ 75 ಮೂಟೆ ಸಿಮೆಂಟ್. ನನ್ನ ಗುಣಾಕಾರದ ಪ್ರಕಾರ ಅದರಿಂದ ಎರಡು ಮೂರು ಟನ್ ಇಂಗಾಲದ ಡೈ ಆಕ್ಸೈಡ್, ಕಂಬಿಯದ್ದು ಬೇರೆ. ಇದು ಮೊದಲ ಕಂತು. ಎರಡನೇ ಕಂತು ಪ್ರತಿ ಬೇಸಿಗೆ ಕಟ್ಟೋದು. ಏಪ್ರಿಲ್ 24ರ ಸುಮಾರಿಗೆ ಮತ್ತೆ ಆಗಸ್ಟ್ 18ರ ಸುಮಾರಿಗೆ ಬೆಂಗಳೂರಿನ ನೆತ್ತಿಯ ಮೇಲೆ ಸೂರ್ಯ ನೆಟ್ಟಗೆ ನಿಲ್ಲುತ್ತಾನೆ, ಕಂಬಕ್ಕೆ ನೆರಳೇ ಇರೋದಿಲ್ಲ. ಅಂದರೆ ಆ ದಿನಗಳಲ್ಲಿ ಬಿಸಿಲು ಬೀಳೋದು ಗೋಡೆಗಲ್ಲ, ತಾರಸಿಗೆ. ಹೊದಿಕೆ ಇಲ್ಲದ ಬೂದು ಮೋಲ್ಡ್ ಅದನ್ನು ಕುಡಿದು ಸಂಜೆ ಇಡೀ ನಮ್ಮ ತಲೆಯ ಮೇಲೆ ಸುರಿಯುತ್ತೆ. ಫ್ಯಾನು ಆ ಬಿಸಿಯನ್ನೇ ಸುತ್ತಿಸುತ್ತೆ. ಆಮೇಲೆ ಏಸಿ, ಆಮೇಲೆ ಕರೆಂಟು ಬಿಲ್ಲು.

ಇದನ್ನೆಲ್ಲ ಯಾರೂ ಯೋಚಿಸಿರಲಿಲ್ಲವೇ ಅಂತ ಹುಡುಕಿದರೆ, ಉತ್ತರ ನಮ್ಮ ಮನೆ ಮುಂದಿನ ರಸ್ತೆಯಲ್ಲೇ ಸಿಕ್ಕಿತು. ನೆಲಮಂಗಲದಲ್ಲಿ ಹೆದ್ದಾರಿ ಕವಲಾಗುತ್ತಲ್ಲ, ಎಡಕ್ಕೆ ಕುಣಿಗಲ್ ಕಡೆ ಹೋದರೆ ಆ ತಾಲೂಕಿನಲ್ಲಿ ಉಂಗ್ರ ಅನ್ನೋ ಹಳ್ಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಅನ್ನೋ ಕೇಂದ್ರ ಶುರು ಮಾಡಿದರು, ಹಳ್ಳಿಗಳಿಗೆ ವಿಜ್ಞಾನ ತಲುಪಿಸಲಿಕ್ಕೆ. ಅಸ್ತ್ರ ಒಲೆ ಕೇಳಿರುತ್ತೀರಿ. ಅವರ ಹಳ್ಳಿಯ ನೆಲೆ ಇದ್ದದ್ದು ಉಂಗ್ರದಲ್ಲಿ. ಅದೇ ಬಳಗದ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿಯವರು ಸ್ವಲ್ಪವೇ ಸಿಮೆಂಟ್ ಸೇರಿಸಿ ಒತ್ತಿದ, ಸುಡದ ಮಣ್ಣಿನ ಇಟ್ಟಿಗೆಯ ಮೇಲೆ ವರ್ಷಾನುಗಟ್ಟಲೆ ಕೆಲಸ ಮಾಡಿದರು. 2003ರಲ್ಲಿ ಇಬ್ಬರೂ ಸೇರಿ ಪ್ರಕಟಿಸಿದ ಪ್ರಬಂಧದಲ್ಲಿ ಬೇರೆ ಬೇರೆ ಸೂರುಗಳನ್ನು ಕಟ್ಟೋಕೆ ತಗಲುವ ಶಕ್ತಿಯ ಪಟ್ಟಿ ಇದೆ. ಮಾಮೂಲಿ ಮೋಲ್ಡಿಗೆ ಚದರ ಮೀಟರಿಗೆ 730 ಮೆಗಾಜೂಲ್. ಫಿಲ್ಲರ್ ಸ್ಲ್ಯಾಬಿಗೆ 590. ಮಂಗಳೂರು ಹೆಂಚಿಗೆ ಬರೀ 227, ಆದರೆ ಅದರ ಮೇಲೆ ಸಂಡಿಗೆ ಒಣಗಿಸೋಕಾಗಲ್ಲ ಬಿಡಿ.

ಮೆಗಾಜೂಲ್ ಅಂದರೆ ಅಣ್ಣನಿಗೆ ಅರ್ಥ ಆಗಲ್ಲ ಅಂತ ಗ್ಯಾಸ್ ಸಿಲಿಂಡರಿನಲ್ಲಿ ಹೇಳಿದೆ. ನಮ್ಮ ಹತ್ತು ಚದರದ ಮೋಲ್ಡ್ ಅಂದರೆ ಹೆಚ್ಚುಕಡಿಮೆ 104 ಸಿಲಿಂಡರ್ ಉರಿಸಿದ ಹಾಗೆ. ಫಿಲ್ಲರ್ ಹಾಕಿದರೆ 20 ಸಿಲಿಂಡರ್ ಉಳಿತಾಯ. ಅಣ್ಣ ಮೊದಲ ಸಲ ಮೊಬೈಲು ಕೆಳಗಿಟ್ಟು ನನ್ನ ಮುಖ ನೋಡಿದ.

ಫಿಲ್ಲರ್ ಸ್ಲ್ಯಾಬಿನ ಉಪಾಯ ಸರಳ. ಮೋಲ್ಡ್ ಬಾಗುವಾಗ ಮೇಲ್ಭಾಗ ಒತ್ತಿಕೊಳ್ಳುತ್ತೆ, ಅಲ್ಲಿ ಕಾಂಕ್ರೀಟ್ ಬೇಕು. ಅಡಿಭಾಗ ಎಳೆಸಿಕೊಳ್ಳುತ್ತೆ, ಅಲ್ಲಿ ತಡೆಯೋದು ಕಂಬಿ ಮಾತ್ರ, ಕಾಂಕ್ರೀಟ್ ಸುಮ್ಮನೆ ಭಾರ. ಹಾಗಾಗಿ ಕಂಬಿಗಳ ನಡುವಿನ ಚೌಕಗಳಲ್ಲಿ ಹಳೇ ಮಂಗಳೂರು ಹೆಂಚನ್ನೋ, ಮಣ್ಣಿನ ಇಟ್ಟಿಗೆಯನ್ನೋ ಇಟ್ಟು ಮೇಲೆ ಕಾಂಕ್ರೀಟ್ ಹಾಕೋದು. ಕೇರಳದಲ್ಲಿ ಲಾರಿ ಬೇಕರ್ ಇದನ್ನು ಮನೆಮಾತು ಮಾಡಿದರು. ಎರಡು ಹೆಂಚನ್ನು ಒಂದರ ಮೇಲೊಂದು ಇಟ್ಟರೆ ನಡುವೆ ಗಾಳಿ ನಿಂತು ಕಾವೂ ಕಡಿಮೆ. ಬೆಂಗಳೂರಿನ ಆರ್ಕಿಟೆಕ್ಟುಗಳು ಬೇಕಾದಷ್ಟು ಮನೆಗೆ ಹಾಕಿದ್ದಾರೆ. ಆದರೆ ಅವು ಹೆಚ್ಚಾಗಿ ಉಳ್ಳವರ ಮನೆಗಳು. ಹಳ್ಳಿಗೆಂದು ಹೊರಟ ವಿದ್ಯೆ ನೆಲಮಂಗಲದಲ್ಲಿ ಇಳಿಯದೆ ನೇರ ಜಯನಗರಕ್ಕೆ ಹೋಗಿದ್ದು ನನಗೆ ಇವತ್ತಿಗೂ ಹೊಟ್ಟೆಯುರಿ.

ಮೇಸ್ತ್ರಿ ಒಪ್ಪಲಿಲ್ಲ. "ಹೆಂಚಿಟ್ಟು ಮೋಲ್ಡ್ ಹಾಕಿದ್ರೆ ನಾಳೆ ಬಿದ್ರೆ ನನ್ನ ಹೆಸರು ಹೇಳ್ತೀರಾ ಸಾರ್." ಅವರ ಮಾತಿನಲ್ಲೂ ನ್ಯಾಯ ಇತ್ತು. ಕಂಬಿಯ ಲೆಕ್ಕ ತಪ್ಪಿದರೆ ಇದು ಆಟದ ವಿಷಯ ಅಲ್ಲ. ಹಿಂದೆ ಇಂಥ ಮನೆ ಮಾಡಿದ್ದ ಒಬ್ಬ ಎಂಜಿನಿಯರ್ ಹತ್ತಿರ ನಕ್ಷೆ ಹಾಕಿಸಿ ಸಹಿ ಮಾಡಿಸಿ ತಂದಮೇಲೆ, "ಎರಡು ರೂಮಿಗೆ ಮಾಡಿ ನೋಡೋಣ, ಹಾಲು ಮಾತ್ರ ಮಾಮೂಲಿ" ಅಂತ ಇಳಿದುಬಂದರು. ಹೆಂಚು ನೆನೆಹಾಕಿ ಜೋಡಿಸೋಕೆ ಒಂದು ದಿನ ಜಾಸ್ತಿ ಹಿಡಿಯಿತು, ಕೂಲಿಯೂ ಜಾಸ್ತಿಯಾಯಿತು. ಸಿಮೆಂಟಲ್ಲಿ ಉಳಿದ ದುಡ್ಡು ಸುಮಾರಾಗಿ ಅಲ್ಲಿಗೇ ಸರಿಹೋಯಿತು.

ಮೇಲಿನ ಬಾಡಿಗೆ ಮನೆ ಸದ್ಯಕ್ಕೆ ಒಂದೇ. ಹಿಂದಿನ ಚಪ್ಪಡಿ ಒಡೆಯೋದು ಬೇಡ ಅಂತ ಅಮ್ಮ ಹೇಳಿದ ಮೇಲೆ ಅಣ್ಣ ಎರಡನೇ ಮಾತಾಡಲಿಲ್ಲ. ಅದರ ಗಾರೆ ಬಿರುಕು ಬಿಟ್ಟಿದ್ದ ಕಡೆ ಕೆತ್ತಿ ಮತ್ತೆ ಸುಣ್ಣ, ಇಟ್ಟಿಗೆ ಪುಡಿ ತುಂಬಿಸಿದ್ದೇವೆ. ಬಡಿಯೋಕೆ ಗೊತ್ತಿದ್ದವರು ಊರಲ್ಲಿ ಒಬ್ಬ ಅಜ್ಜಿ ಮಾತ್ರ. ಕೊಡತಿ ಹಿಡಿಯೋಕೆ ಅವರ ಕೈಯಲ್ಲಿ ಆಗಲ್ಲ, ಪಕ್ಕದಲ್ಲಿ ಕೂತು "ಇನ್ನೂ ನೀರು ಬಿಟ್ಟೈತೆ, ಬಡೀ ಮಗ" ಅಂತ ಹೇಳಿಕೊಟ್ಟರು. ಎರಡೂ ತಾರಸಿಗೆ ಯುಗಾದಿಗೆ ಮುಂಚೆ ಬಿಳೀ ಸುಣ್ಣ ಹೊಡೆಸಿದ್ದೇವೆ. ಮಳೆಗಾಲ ಕಳೆದಮೇಲೆ ಮತ್ತೆ ಹೊಡೆಸಬೇಕು, ನಿಲ್ಲಲ್ಲ ಅದು.

ಒಂದು ವಿಷಯ ಮಾತ್ರ ಬಾಕಿ ಉಳಿದಿದೆ. ಆ ಅಜ್ಜಿ, ನೀರು ಸೋರದ ಹಾಗೆ ಮಾಳಿಗೆಗೆ ಹಾಕುತ್ತಿದ್ದ ಚೌಳು ಮಣ್ಣನ್ನು ನೋಡಿ ಆರಿಸೋದು ಹೇಗೆ ಅಂತ ಹೇಳಿದರು, ನಾಲಿಗೆಗೆ ಇಟ್ಟು ನೋಡಬೇಕಂತೆ. ಎಲ್ಲಿ ಸಿಗುತ್ತೆ ಅಂತ ಕೇಳಿದರೆ ಅವರು ತೋರಿಸಿದ ಜಾಗದಲ್ಲಿ ಈಗ ಲೇಔಟ್ ಆಗಿದೆ. ನಿಮ್ಮ ಊರಿನ ಕಡೆ ಇನ್ನೂ ಅದನ್ನು ಹಾಕುವವರು ಇದ್ದರೆ, ಅಲ್ಲಿ ಅದಕ್ಕೆ ಏನು ಹೆಸರು ಅಂತ ಗೊತ್ತಿದ್ದರೆ ದಯವಿಟ್ಟು ತಿಳಿಸಿ.