ಎಂಜಿನ್ ಕವರಿನ ಹೊಳಪು

ಮೊನ್ನೆ ಭಾನುವಾರ ಸ್ಕೂಟರಿನ ಬ್ರೇಕ್ ಕೇಬಲ್ ಹಾಕಿಸೋಣ ಅಂತ ನಮ್ಮ ಅಂಜನಾಪುರದ ಗ್ಯಾರೇಜಿಗೆ ಹೋಗಿದ್ದೆ. ಅಲ್ಲೊಬ್ಬ ಹುಡುಗ ತನ್ನ ಬೈಕಿನ ಎಂಜಿನ್ ಕವರುಗಳನ್ನು ಬಿಚ್ಚಿಸಿ ಕಪ್ಪು ಬಣ್ಣ ಹೊಡೆಸುತ್ತಿದ್ದ. ಬೈಕಿಗೆ ಎರಡು ವರ್ಷವೂ ಆಗಿರಲಿಲ್ಲ.

"ಏನಾಗಿತ್ತಪ್ಪಾ ಕವರಿಗೆ?" ಅಂದೆ.

"ಏನೂ ಆಗಿಲ್ಲ ಅಂಕಲ್, ಲುಕ್ಕಿಗೆ!"

ಅದೇ ಬೆಂಚಿನ ಮೂಲೆಯಲ್ಲಿ ಯಾರದೋ ಹಳೆಯ ಯೆಜ್ಡಿ ಕವರೊಂದು ಎಣ್ಣೆ ಮೆತ್ತಿಕೊಂಡು ಬಿದ್ದಿತ್ತು. ಅದನ್ನು ನೋಡಿದ್ದೇ ನನಗೆ ನಮ್ಮಪ್ಪನ ಗಾಡಿ ನೆನಪಾಯಿತು, ಅದಕ್ಕೆ ನಾನು ಮಾಡಿದ ಅನಾಹುತವೂ ನೆನಪಾಯಿತು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಈ ಕವರ್ ಎಂಬ ಪದಾರ್ಥದ ಕತೆ ಕೇಳಿ. ಎಂಜಿನ್ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ಪಾಪ ಅದರ ಮುಚ್ಚಳದ ಬಗ್ಗೆ ಯಾರು ಬರೆಯುತ್ತಾರೆ? :-)

ಮುಚ್ಚಳಕ್ಕೆ ಬಂದ ಮುಖ

ಕವರಿನ ಕೆಲಸ ತೀರಾ ಸಾಮಾನ್ಯ. ಒಳಗಿನ ಎಣ್ಣೆ ಹೊರಗೆ ಬರಬಾರದು, ಹೊರಗಿನ ಧೂಳು ಒಳಗೆ ಹೋಗಬಾರದು, ಚೈನು-ಗೇರುಗಳಿಗೆ ನಮ್ಮ ಕಾಲು ಸಿಕ್ಕಬಾರದು. ಅಷ್ಟೇ. ಹಳೆಯ ಬೈಕುಗಳಲ್ಲಿ ಎಂಜಿನ್ ಒಂದು ಕಡೆ, ಗೇರ್ ಬಾಕ್ಸ್ ಇನ್ನೊಂದು ಕಡೆ ಇರುತ್ತಿತ್ತು. ಎರಡಕ್ಕೂ ನಡುವಿನ ಚೈನಿಗೆ ಬೇರೆಯೇ ಡಬ್ಬಿ. 1955ರಲ್ಲಿ ಮದರಾಸಿನಲ್ಲಿ ಶುರುವಾದ ಎನ್‌ಫೀಲ್ಡ್ ಬುಲೆಟ್ಟಿನದು ಇದೇ ಮಾದರಿ.

ಆದರೆ ಜನ ಗಾಡಿಯನ್ನು ಗುರುತಿಸುವುದು ಒಳಗಿನ ಪಿಸ್ಟನ್ನಿನಿಂದಲ್ಲವಲ್ಲ, ಕಣ್ಣಿಗೆ ಕಾಣುವ ಮುಚ್ಚಳದಿಂದ. ಅಮೆರಿಕದ ಹಾರ್ಲೆ ಡೇವಿಡ್‌ಸನ್ ಎಂಜಿನ್ನುಗಳ ಅಡ್ಡಹೆಸರುಗಳನ್ನೇ ನೋಡಿ. 1936ರಲ್ಲಿ ಬಂದ ಎಂಜಿನ್ನಿನ ಮೇಲಿನ ಕವರು ಮುಷ್ಟಿಯ ಗೆಣ್ಣುಗಳ ಹಾಗಿತ್ತು, ಅದು 'ನಕಲ್‌ಹೆಡ್' ಆಯಿತು. 1948ರದ್ದು ಬಾಣಲೆ ಬೋರಲು ಹಾಕಿದ ಹಾಗಿತ್ತು, 'ಪ್ಯಾನ್‌ಹೆಡ್' ಆಯಿತು. 1966ರದ್ದು ಸಲಿಕೆ ಥರ ಕಂಡಿತು, 'ಶವೆಲ್‌ಹೆಡ್' ಆಯಿತು. ಕಂಪನಿ ಇಟ್ಟ ಹೆಸರುಗಳಲ್ಲ ಇವು, ಓಡಿಸುವವರು ಕವರು ನೋಡಿ ಕರೆದ ಹೆಸರುಗಳು.

ಹಾಗೆಯೇ ಕಪ್ಪು ಬಣ್ಣ ಈ ಕಾಲದ ಹುಡುಗರ ಹುಚ್ಚು ಅಂದುಕೊಳ್ಳಬೇಡಿ. ಇಂಗ್ಲೆಂಡಿನ ವಿನ್ಸೆಂಟ್ ಕಂಪನಿ 1948ರಲ್ಲೇ 'ಬ್ಲ್ಯಾಕ್ ಶ್ಯಾಡೋ' ಎಂಬ ಬೈಕನ್ನು ಪೂರ್ತಿ ಕಪ್ಪು ಎಂಜಿನ್ನಿನೊಂದಿಗೆ ಹೊರತಂದಿತ್ತು. ಅಲ್ಯೂಮಿನಿಯಂ ತಳತಳ ಹೊಳೆಯಬೇಕು ಅನ್ನುವ ಕಾಲದಲ್ಲಿ ಅದಕ್ಕೆ ಕಪ್ಪು ಎನಾಮಲ್ ಬಳಿದು, ಒಲೆಯಲ್ಲಿ ಸುಟ್ಟು ಗಟ್ಟಿ ಮಾಡಿದ್ದರು. ನಮ್ಮ ಅಂಜನಾಪುರದ ಹುಡುಗ ಎಪ್ಪತ್ತೈದಕ್ಕೂ ಹೆಚ್ಚು ವರ್ಷ ತಡ!

ಮೊಟ್ಟೆಯಾಕಾರದ ಎಂಜಿನ್ ಮೈಸೂರಿಗೆ

ಇನ್ನು ನಮ್ಮೂರಿನ ಕಡೆ ಬರೋಣ. ಜೆಕೊಸ್ಲೊವಾಕಿಯಾದ ಯಾನೆಚೆಕ್ ಎಂಬುವರು 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಬೈಕಿನ ಹಕ್ಕು ಕೊಂಡರು. ತಮ್ಮ ಹೆಸರಿನ 'ಜಾ' ಮತ್ತು ವಾಂಡರರ್‌ನ 'ವಾ' ಸೇರಿಸಿ 'ಜಾವಾ' ಅಂದರು. ಎರಡನೇ ಮಹಾಯುದ್ಧದಲ್ಲಿ ದೇಶ ಜರ್ಮನರ ಕೈಲಿದ್ದಾಗ ಅಲ್ಲಿನ ಎಂಜಿನಿಯರುಗಳು ಕದ್ದುಮುಚ್ಚಿ ಒಂದು ಹೊಸ ಬೈಕು ತಯಾರಿಸಿದರು. 1946ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಬೆಳಕು ಕಂಡ ಆ ಬೈಕೇ 'ಪೆರಾಕ್'. ಅದರಲ್ಲಿ ಎಂಜಿನ್ನೂ ಗೇರ್ ಬಾಕ್ಸೂ ಒಂದೇ ಮೈಯಾಗಿ, ಎರಡೂ ಬದಿಗೆ ನುಣುಪಾದ ಕವರು ಹೊದ್ದು, ಬದಿಯಿಂದ ನೋಡಿದರೆ ಮಲಗಿಸಿದ ಮೊಟ್ಟೆಯ ಹಾಗೆ ಕಾಣುತ್ತಿತ್ತು.

ಆ ಮೊಟ್ಟೆ ಮೈಸೂರಿಗೆ ಬಂದದ್ದು 1961ರಲ್ಲಿ. ರುಸ್ತುಂ ಇರಾನಿ ಮತ್ತು ಫರೂಕ್ ಇರಾನಿಯವರ ಐಡಿಯಲ್ ಜಾವಾ ಕಾರ್ಖಾನೆ ಯಾದವಗಿರಿಯಲ್ಲಿ ಆರಂಭವಾಯಿತು. ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ಪೆರಾಕ್ ನಂತರದ 353 ಎಂಬ ಮಾದರಿಯ 250 ಸಿಸಿ ಜಾವಾ ಅಲ್ಲಿಂದ ಹೊರಬಂತು. 1973ರಿಂದ ಹೆಸರು 'ಯೆಜ್ಡಿ' ಆಯಿತು, 1978ರಲ್ಲಿ 'ರೋಡ್‌ಕಿಂಗ್' ಬಂತು.

ಆ ಕವರನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಅದರಲ್ಲಿ ಒಂದು ಜಾಣತನ ಇದೆ. ಬೇರೆ ಬೈಕುಗಳಲ್ಲಿ ಗೇರಿಗೊಂದು, ಕಿಕ್ಕಿಗೊಂದು ಎರಡು ಸನ್ನೆ. ಇಲ್ಲಿ ಎಡಗಡೆ ಇರುವುದು ಒಂದೇ. ಕೆಳಗಿದ್ದಾಗ ಗೇರು, ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿ ನಿಲ್ಲಿಸಿದರೆ ಅದೇ ಕಿಕ್ಕರ್! ಹಾಗಾಗಿ ಕವರಿನ ಮೈ ಮೇಲೆ ತೂತು ಕಡಿಮೆ, ನುಣುಪು ಜಾಸ್ತಿ. ಎಡಗಡೆ ಕವರಿನೊಳಗೆ ಕ್ಲಚ್ಚು, ಚೈನು, ಎಣ್ಣೆ. ಬಲಗಡೆಯದರೊಳಗೆ ವಿದ್ಯುತ್ ಹುಟ್ಟಿಸುವ ಭಾಗ ಮತ್ತು ಪಾಯಿಂಟು, ಅಲ್ಲಿ ಎಣ್ಣೆ ಇಲ್ಲ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಯುಧಪೂಜೆಯ ಅಲಂಕಾರ

ಬೈಕಿನ 'ಮಾಡಿಫಿಕೇಶನ್' ಅನ್ನುವ ಮಾತು ಈಚಿನದು. ಆದರೆ ಮೈಸೂರು ಕಡೆ ವರ್ಷಕ್ಕೊಮ್ಮೆ ಪ್ರತಿ ಗಾಡಿಗೂ ಅಲಂಕಾರ ಆಗುತ್ತಲೇ ಇತ್ತು. ಆಯುಧಪೂಜೆಯ ಹಿಂದಿನ ದಿನ ಅಪ್ಪ ಬೆಳಿಗ್ಗೆಯೇ ಲುಂಗಿ ಎತ್ತಿಕಟ್ಟಿ ಯೆಜ್ಡಿ ಮುಂದೆ ಕೂರುತ್ತಿದ್ದರು. ಸೀಮೆಎಣ್ಣೆಯಲ್ಲಿ ಜಿಡ್ಡು ತೆಗೆದು, ಆಮೇಲೆ ಹಳೆ ಬನಿಯನ್ನಿನ ಚೂರಿಗೆ ಬ್ರಾಸೊ ಹಾಕಿ ಕವರು ಉಜ್ಜುವುದು. ಬ್ರಾಸೊ ಮುಗಿದಿದ್ದರೆ ಅಮ್ಮನ ಹುಣಸೆಹಣ್ಣಿಗೆ ಕನ್ನ. "ದೇವರ ದೀಪ ಉಜ್ಜೋದಿನ್ನೂ ಬಾಕಿ ಇದೆ ಕಣ್ರೀ, ಇವರಿಗೆ ಎಂಜಿನ್ನೇ ದೇವರು!" ಅಂತ ಒಳಗಿನಿಂದ ಅಮ್ಮನ ಮಂತ್ರ. ಮಾರನೇ ದಿನ ಹೊಳೆಯುವ ಆ ಕವರಿನ ಮೇಲೇ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು. ಅವರ ಪಾಲಿಗೆ ಅದೇ 'ಲುಕ್ಕು'.

1980ರ ದಶಕದ ನಡುವೆ ಜಪಾನಿನ ಸಹಯೋಗದ ಬೈಕುಗಳು ಬಂದವು. 1984ರಲ್ಲಿ ಹೊಸೂರಿನಿಂದ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೋಂಡಾ, ಅದೇ ವರ್ಷ ಯಮಹಾ ಆರ್‌ಎಕ್ಸ್ 100. ಆರ್‌ಎಕ್ಸ್‌ನ ಕವರಿಗೆ ಕಾರ್ಖಾನೆಯಿಂದಲೇ ಬೆಳ್ಳಿಬಣ್ಣ ಬಳಿದಿರುತ್ತಿತ್ತು. ಅದನ್ನು ಕೆರೆದು ತೆಗೆದು, ಒಳಗಿನ ಅಲ್ಯೂಮಿನಿಯಂಗೆ ಬಫಿಂಗ್ ಮಾಡಿಸುವುದು ಹುಡುಗರ ಹೊಸ ಹುಚ್ಚಾಯಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಸುತ್ತಮುತ್ತ ಬಿಡಿಭಾಗ, ಪಾಲಿಶ್, ಪೇಂಟು ಎಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತಿದ್ದವು. ವಿಚಿತ್ರ ನೋಡಿ, ಆರ್‌ಎಕ್ಸ್ 100 ತಯಾರಿಕೆ ನಿಂತದ್ದೂ ಮೈಸೂರಿನ ಕಾರ್ಖಾನೆ ಬಾಗಿಲು ಹಾಕಿದ್ದೂ ಒಂದೇ ವರ್ಷ, 1996.

ಅಲ್ಲಿಂದ ಕತೆ ತಿರುಗಿತು. ಹೊಸ ಕವರು ಕಾರ್ಖಾನೆಯಿಂದ ಬರುವ ಕಾಲ ಮುಗಿಯಿತು. ಇದ್ದದ್ದನ್ನೇ ಉಳಿಸಿಕೊಳ್ಳಬೇಕು, ಇಲ್ಲ ಗುಜರಿಯಲ್ಲಿ ಹುಡುಕಬೇಕು.

ನನ್ನ ಅನಾಹುತ

2006ರ ಮಾತು. ಅಪ್ಪನ ರೋಡ್‌ಕಿಂಗ್ ಮೂಲೆ ಸೇರಿ ನಾಲ್ಕು ವರ್ಷವಾಗಿತ್ತು. ನನಗೆ ಆಗ ಸಂಬಳ ಬರಲು ಶುರುವಾಗಿತ್ತು, ಅಪ್ಪನಿಗೆ ಒಂದು ಸರ್‌ಪ್ರೈಸ್ ಕೊಡುವ ಆಸೆ. ಎಂಜಿನ್ ಬಿಚ್ಚಿಸಿ ಎರಡೂ ಕವರು ತೆಗೆದುಕೊಂಡು ಹೋಗಿ ಒಂದು ಪಾಲಿಶ್ ಅಂಗಡಿಯಲ್ಲಿ ಕೊಟ್ಟೆ. "ಮುಖ ಕಾಣಬೇಕು, ಕನ್ನಡಿ ಥರ" ಅಂದೆ. ಎರಡು ದಿನ ಬಿಟ್ಟು ಹೋದರೆ ನಿಜಕ್ಕೂ ಕನ್ನಡಿಯೇ! ನನ್ನ ಹಲ್ಲು ಎಣಿಸಬಹುದಿತ್ತು.

ಮನೆಗೆ ತಂದು ಅಪ್ಪನ ಕೈಗಿಟ್ಟೆ. ಅವರು ಕನ್ನಡಕ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಒಂದು ಕಡೆ ಹೆಬ್ಬೆರಳಿಟ್ಟು ಸವರಿದರು. ಅಲ್ಲಿ ಎರಕದಲ್ಲೇ ಉಬ್ಬಿ ಬಂದಿದ್ದ 'ಯೆಜ್ಡಿ' ಎಂಬ ಅಕ್ಷರಗಳಿದ್ದವು. ಈಗ ಅರ್ಧಕ್ಕರ್ಧ ಮಾಯ. ಅವರು ಬೈಯಲಿಲ್ಲ.

"ಚೆನ್ನಾಗಿ ಹೊಳೀತದೆ ಕಣೋ... ಆದ್ರೆ ಯಾರ ಗಾಡಿ ಅಂತ ಗೊತ್ತಾಗಲ್ಲ" ಅಂದರು.

ಇಷ್ಟೇ ಅಲ್ಲ. ಎಡಗಡೆ ಕವರು ಕೂರುವ ಅಂಚನ್ನೂ ಚಕ್ರಕ್ಕೆ ಕೊಟ್ಟಿದ್ದರು. ಅಂಚು ಸಮ ತಪ್ಪಿತ್ತು. ಹೊಸ ಪ್ಯಾಕಿಂಗ್ ಹಾಕಿದರೂ ಎಣ್ಣೆ ಸೋರುವುದು ನಿಲ್ಲಲಿಲ್ಲ. ಅಂಗಡಿಯವರದು ತಪ್ಪು ಅಂತ ಆಗ ಕೂಗಾಡಿದ್ದೆ. ಈಗ ಯೋಚಿಸಿದರೆ, ಕನ್ನಡಿ ಕೇಳಿದವನು ನಾನೇ. ಬಫಿಂಗ್ ಅಂದರೆ ಲೋಹಕ್ಕೆ ಏನನ್ನೋ ಸೇರಿಸುವುದಲ್ಲ, ಇರುವ ಲೋಹವನ್ನು ತೆಗೆಯುವುದು. ಬ್ರಾಸೊ ಹಿಡಿದ ಅಪ್ಪನ ಕೈ ವರ್ಷಕ್ಕೊಮ್ಮೆ ಕೂದಲೆಳೆಯಷ್ಟೂ ತೆಗೆಯುತ್ತಿರಲಿಲ್ಲ. ಯಂತ್ರದ ಚಕ್ರ ಅಷ್ಟು ವರ್ಷಗಳದ್ದನ್ನು ಒಂದೇ ಮಧ್ಯಾಹ್ನ ತೆಗೆಯಿತು.

ಮಾಡಿಸುವವರಿಗೆ ನಾಲ್ಕು ಮಾತು

ಈ ಪಾಠದಿಂದ ಕಲಿತದ್ದನ್ನು ಬರೆದಿಡುತ್ತೇನೆ, ಯಾರಿಗಾದರೂ ಉಪಯೋಗವಾದೀತು.

ಉಬ್ಬಕ್ಷರ ಇದ್ದರೆ ಅದರ ಸುತ್ತ ಕೈಯಲ್ಲೇ ಉಜ್ಜಬೇಕು. 400, 800, 1200 ನಂಬರಿನ ವಾಟರ್ ಪೇಪರ್ ಒಂದಾದ ಮೇಲೊಂದು, ನೀರು ಹಾಕಿಕೊಂಡು. ತಾಳ್ಮೆ ಬೇಕು. ಎಣ್ಣೆ ಇರುವ ಕವರಿನ ಒಳ ಅಂಚನ್ನು ಮುಟ್ಟಲೇಬಾರದು.

ಕ್ರೋಮ್ ಮಾಡಿಸುವ ಮುನ್ನ ಎರಡು ಸಲ ಯೋಚಿಸಿ. ಅಲ್ಯೂಮಿನಿಯಂ ಮೇಲೆ ಕ್ರೋಮ್ ನೇರ ಕೂರುವುದಿಲ್ಲ. ಸತು, ತಾಮ್ರ, ನಿಕ್ಕಲ್ ಪದರಗಳಾದ ಮೇಲೆ ಕ್ರೋಮ್. ಒಂದು ಹಂತ ಕೆಟ್ಟರೂ ಹಪ್ಪಳದ ಹಾಗೆ ಎದ್ದು ಬರುತ್ತದೆ. ಅದಕ್ಕಿಂತ ದೊಡ್ಡ ಮಾತು, ಆ ತೊಟ್ಟಿಗಳ ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದು. ಪೀಣ್ಯದ ಅಂತರ್ಜಲದಲ್ಲಿ ವಿಷಕಾರಿ ಕ್ರೋಮಿಯಂ ಸೇರಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ನಮ್ಮ ಲುಕ್ಕಿಗೆ ಇನ್ನೊಬ್ಬರ ಬೋರ್‌ವೆಲ್ ಬೆಲೆ ಕಟ್ಟಬಾರದಲ್ಲ.

ಕಪ್ಪೇ ಬೇಕಾದರೆ ಪೌಡರ್ ಕೋಟಿಂಗ್ ಇದೆ. ಬಣ್ಣದ ಪುಡಿಯನ್ನು ಸಿಂಪಡಿಸಿ ಸುಮಾರು 180-200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಬೇಯಿಸುತ್ತಾರೆ. ಡಬ್ಬಿ ಸ್ಪ್ರೇಗಿಂತ ಎಷ್ಟೋ ಗಟ್ಟಿ. ಆದರೆ ಬೇರಿಂಗು, ಆಯಿಲ್ ಸೀಲು ತೆಗೆಸಿ ಕೊಡಿ.

ಕೊನೆಯದು ಮುಖ್ಯ. ಎಂಜಿನ್ ನಂಬರು ಇರುವುದು ಕವರಿನ ಮೇಲಲ್ಲ, ಎಂಜಿನ್ನಿನ ಮೈಮೇಲೆ. ಉತ್ಸಾಹದಲ್ಲಿ ಅದನ್ನೂ ಉಜ್ಜಿಸಿದರೆ ಮುಗಿಯಿತು, ಆರ್‌.ಸಿ. ಪುಸ್ತಕದ ನಂಬರಿಗೂ ಗಾಡಿಗೂ ಸಂಬಂಧವೇ ಉಳಿಯುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಂದಣಿಯ ವಿವರಗಳಿಗೆ ತಪ್ಪುವಂತೆ ಗಾಡಿ ಬದಲಿಸಬಾರದು ಅನ್ನುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು.

ಮತ್ತೆ ಅದೇ ಮೊಟ್ಟೆ

2018ರ ನವೆಂಬರಿನಲ್ಲಿ ಜಾವಾ ಮರಳಿ ಬಂತು. ಈ ಸಲ ತಯಾರಿಕೆ ಮೈಸೂರಲ್ಲಲ್ಲ, ಮಧ್ಯಪ್ರದೇಶದ ಪೀತಂಪುರದಲ್ಲಿ. ಒಳಗೆ ಟೂ-ಸ್ಟ್ರೋಕ್ ಇಲ್ಲ. ನೀರಿನಿಂದ ತಂಪಾಗುವ ಫೋರ್-ಸ್ಟ್ರೋಕ್ ಎಂಜಿನ್ನು. ಆದರೆ ಬದಿಯ ಕವರು ಮಾತ್ರ ಹಳೆಯ ಆ ದುಂಡನೆಯ ಆಕಾರವನ್ನು ನೆನಪಿಸುವ ಹಾಗೆ ಮಾಡಿದ್ದಾರೆ. ಒಳಗಿನದೆಲ್ಲ ಬದಲಾದರೂ ಮುಖ ಅದೇ ಇರಲಿ ಅಂತ. ಜನ ಏನನ್ನು ನೆನಪಿಟ್ಟುಕೊಂಡಿದ್ದಾರೆ ಅಂತ ಅವರಿಗೂ ಗೊತ್ತಿದೆ.

ಅಂದ ಹಾಗೆ ನಮ್ಮ ಯೆಜ್ಡಿ ಏನಾಯಿತು? ಅಂಚನ್ನು ಗಾಜಿನ ಮೇಲೆ ಎಮರಿ ಹಾಸಿ ಸಮ ಮಾಡಿಸಿ, ಸೋರುವುದನ್ನು ನಿಲ್ಲಿಸಿದೆವು. ಹೊಸದಾಗಿ ಎರಕ ಹೊಯ್ದ, ಅಕ್ಷರ ಎದ್ದು ಕಾಣುವ ಕವರು ತಂದುಕೊಡುತ್ತೇನೆ ಅಂದೆ. ಅಪ್ಪ ಬೇಡ ಅಂದರು. "ಇದೇ ಇರ್ಲಿ ಬಿಡು, ಇದು ಬಂದಾಗಿನಿಂದ ಇದೆ" ಅಂದರು. ಅಳಿಸಿಹೋದ ಅಕ್ಷರದ ಮೇಲೆಯೇ ಪ್ರತಿ ವರ್ಷ ವಿಭೂತಿ ಹಚ್ಚುತ್ತೇವೆ.

ಗ್ಯಾರೇಜಿನ ಹುಡುಗನಿಗೆ ಇಷ್ಟೆಲ್ಲ ಕೊರೆಯಲಿಲ್ಲ, ಹೆದರಬೇಡಿ :-) "ನಂಬರಿಗೆ ಟೇಪ್ ಅಂಟಿಸೋಕೆ ಹೇಳಪ್ಪ" ಅಂದೆ, ಅಷ್ಟೇ. ಅವನು ಬಗ್ಗಿ ನೋಡಿ, "ಅಯ್ಯೋ ಹೌದಲ್ಲ ಅಂಕಲ್" ಅಂತ ಮೆಕ್ಯಾನಿಕ್ಕನ್ನು ಕರೆದ.

ನಿಮ್ಮ ಮನೆಯಲ್ಲೂ ಜಾವಾ ಅಥವಾ ಯೆಜ್ಡಿ ಇತ್ತೇ? ಅದರ ಕವರು ಯಾರು ಉಜ್ಜುತ್ತಿದ್ದರು? ಪುರುಸೊತ್ತಾದಾಗ ಬರೆಯಿರಿ.